ವಿದೇಶಕ್ಕೆ ಹೊರಟವರಿಗೆ ನೆರವಾಗಲಿ ಅಂತ ಗ್ರೂಪ್ ಮಾಡಿದೆ, ಅದರಲ್ಲೇ ಒಂಬತ್ತು ಜನರ ದುಡ್ಡು ಹೋಯಿತು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಹೊರದೇಶಕ್ಕೆ ಕೆಲಸಕ್ಕೆ ಹೋಗಬೇಕು ಅಂತ ಓಡಾಡುತ್ತಿರುವವರು ಇದನ್ನು ಪೂರ್ತಿ ಓದಿ. ಅಂಥವರಿಗಾಗಿ ವಾಟ್ಸಾಪ್ ಗ್ರೂಪ್ ನಡೆಸುವವರಂತೂ ಎರಡು ಸಲ ಓದಿ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಎಸಿ ಮೆಕ್ಯಾನಿಕ್. ಐಟಿಐ ಮುಗಿಸಿ ಮಸ್ಕತ್‌ನಲ್ಲಿ ನಾಲ್ಕು ವರ್ಷ ಇದ್ದು ಬಂದವನು. ಈಗ ಗೋಕುಲ ರೋಡ್ ಕಡೆ ಸ್ವಂತ ಕೆಲಸ ಮಾಡಿಕೊಂಡಿದ್ದೇನೆ. ವಾಪಸ್ ಬಂದ ಮೇಲೆ ವಾರಕ್ಕೆ ಇಬ್ಬರಾದರೂ ಫೋನ್ ಮಾಡುತ್ತಿದ್ದರು. "ಅಣ್ಣಾ, ನನ್ನ ಪಾಸ್‌ಪೋರ್ಟ್‌ನ್ಯಾಗ ಇಸಿಆರ್ ಅಂತ ಐತಿ, ಹಂಗಂದ್ರ ಏನು?" "ಸರ್ಟಿಫಿಕೇಟ್ ಅಟೆಸ್ಟೇಷನ್ ಎಲ್ಲಿ ಮಾಡಿಸೂದ್ರಿ?" ಎಲ್ಲರಿಗೂ ಅದದೇ ಹೇಳಿ ಹೇಳಿ ಸಾಕಾಗಿ 2021ರಲ್ಲಿ ಹನ್ನೊಂದು ಜನರ ಒಂದು ಗ್ರೂಪ್ ಮಾಡಿದೆ. ನನ್ನ ಐಟಿಐ ಗೆಳೆಯರು, ಅವರ ತಮ್ಮಂದಿರು, ಅಷ್ಟೇ. ಎರಡು ವರ್ಷದಲ್ಲಿ ಅದು ಆರುನೂರು ದಾಟಿತು. ರಾಣೆಬೆನ್ನೂರಿನ ನರ್ಸ್‌ಗಳು, ಬೆಟಗೇರಿಯ ವೆಲ್ಡರ್‌ಗಳು, ಧಾರವಾಡದಲ್ಲಿ ರೂಮ್ ಮಾಡಿಕೊಂಡು ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದ ಹುಡುಗರು, ಅಣ್ಣಿಗೇರಿಯ ಒಬ್ಬ ಟ್ರಕ್ ಡ್ರೈವರ್. ಒಳ್ಳೆಯ ಗ್ರೂಪ್ ಆಗಿತ್ತು, ಅದನ್ನು ಹೇಳಲೇಬೇಕು. ಜರ್ಮನಿಗೆ ಹೊರಟಿದ್ದ ಒಬ್ಬ ನರ್ಸ್ ಎರಡು ಸಲ ಫೇಲಾಗಿ ಮೂರನೇ ಸಲಕ್ಕೆ ಜರ್ಮನ್ ಭಾಷೆಯ ಬಿ2 ಪರೀಕ್ಷೆ ಪಾಸಾದಾಗ ರಾತ್ರಿ ಹನ್ನೊಂದು ಗಂಟೆಗೆ ವಾಯ್ಸ್ ಮೆಸೇಜ್ ಹಾಕಿ ಅತ್ತಳು. ಆಕೆಯ ಮುಖವನ್ನೇ ನೋಡದ ನಾವೆಲ್ಲ ಮನೆಯ ಮಗಳು ಪಾಸಾದಷ್ಟು ಖುಷಿಪಟ್ಟೆವು.

ಆ ನಂಬಿಕೆಯ ಮೇಲೇ ಒಬ್ಬ ಬಂದು ಕೂತ.

ಧಾರವಾಡದವನು ಅಂತ ಹೇಳಿಕೊಂಡಿದ್ದ. ಅವನ ಹೆಸರು ಬರೆಯುವುದಿಲ್ಲ. ಕೇಸು ನಡೆದಿದೆ, ಮತ್ತೆ ನಮಗೆ ಹೇಳಿದ್ದ ಹೆಸರು ಅವನದ್ದೂ ಆಗಿರಲಿಲ್ಲ. ಮೊದಲ ಆರು ತಿಂಗಳು ಅವನು ಯಾರ ಹತ್ತಿರವೂ ಒಂದು ರೂಪಾಯಿ ಕೇಳಲಿಲ್ಲ. ಬರೀ ಸಹಾಯ. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ ಆಗಿರುತ್ತದೆ, ಅವರು ಕೆಲಸಕ್ಕೆ ಅಂತ ಗಲ್ಫ್ ಸೇರಿದಂತೆ 18 ದೇಶಗಳಿಗೆ ಹೋಗುವ ಮುಂಚೆ ಸರ್ಕಾರದಿಂದ ಎಮಿಗ್ರೇಷನ್ ಕ್ಲಿಯರೆನ್ಸ್ ತೆಗೆದುಕೊಳ್ಳಬೇಕು ಅಂತ ನನಗಿಂತ ಚೆನ್ನಾಗಿ ಬಿಡಿಸಿ ಹೇಳುತ್ತಿದ್ದ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಆಗ ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಮತ್ತು ಜಿಎಸ್‌ಟಿ ಕಟ್ಟಿದರೆ 10 ಲಕ್ಷದ ವಿಮೆ ಸಿಗುತ್ತಿತ್ತು ಅನ್ನೋದು ನನಗೆ ಗೊತ್ತಾದದ್ದೇ ಅವನಿಂದ. ಹೇಳಿದ್ದೆಲ್ಲ ಸರಿಯಾಗಿತ್ತು. ನಾನು ಒಂದೊಂದನ್ನೂ ಚೆಕ್ ಮಾಡಿದ್ದೆ. ರಾತ್ರಿ ಒಂದು ಗಂಟೆಗೆ ಯಾರಾದರೂ ಕೇಳಿದರೂ ಉತ್ತರ ಬರೆಯುತ್ತಿದ್ದ. ನನಗೆ ಬೇಸಿಗೆ ಬಂದರೆ ಉಸಿರಾಡಲು ಪುರುಸೊತ್ತಿರುವುದಿಲ್ಲ, ಹಾಗಾಗಿ ಒಂದು ಏಪ್ರಿಲ್‌ನಲ್ಲಿ ಅವನನ್ನೇ ಅಡ್ಮಿನ್ ಮಾಡಿದೆ. ಒಂದು ಸಲವೂ ಎದುರಿಗೆ ಭೇಟಿಯಾಗಿರಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಸಹಾಯ ಮಾಡಲು ಸುಲಭ ಆಗಲಿ ಅಂತ ಹೊಸಬರಿಗೆ ಒಂದು ಗೂಗಲ್ ಫಾರ್ಮ್ ಇಟ್ಟಿದ್ದೆ. ಹೆಸರು, ಊರು, ಓದು, ಪಾಸ್‌ಪೋರ್ಟ್ ಯಾವ ಬಗೆ, ಯಾವ ದೇಶ, ಎಷ್ಟು ದಿನದಲ್ಲಿ ಹೋಗಬೇಕು, ಎಷ್ಟು ಖರ್ಚು ಮಾಡಲು ತಯಾರಿದ್ದೀರಿ. ಕೊನೆಯ ಪ್ರಶ್ನೆಯನ್ನು ನಾನೇ ಸೇರಿಸಿದ್ದು. ಯಾರ ಹತ್ತಿರ ಎಷ್ಟು ದುಡ್ಡಿದೆ, ಯಾರಿಗೆ ಅರ್ಜೆಂಟ್ ಇದೆ, ಯಾರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಎಲ್ಲ ಒಂದೇ ಶೀಟ್‌ನಲ್ಲಿ. ಅಡ್ಮಿನ್ ಆದ ಮೇಲೆ ಅದು ಅವನಿಗೂ ಕಾಣುತ್ತಿತ್ತು.

ಆಮೇಲೆ ಆದದ್ದು ನನಗೆ ಗೊತ್ತಾಗಲು ಐದು ತಿಂಗಳು ಬೇಕಾಯಿತು.

ಅವನು ಗ್ರೂಪ್‌ನಲ್ಲಿ ಯಾವತ್ತೂ ಕೆಲಸದ ಮಾತು ಎತ್ತಲಿಲ್ಲ. ಫಾರ್ಮ್ ತುಂಬಿದ ಹತ್ತು ನಿಮಿಷಕ್ಕೆ ಆ ಹುಡುಗರಿಗೆ ಪ್ರತ್ಯೇಕವಾಗಿ ಮೆಸೇಜ್ ಮಾಡುತ್ತಿದ್ದ. ದುಬೈನಲ್ಲಿ ಗೋಡೌನ್ ಕೆಲಸ, ಊಟ-ರೂಮ್ ಫ್ರೀ, ನಾಲ್ಕೇ ಸೀಟು ಉಳಿದಿವೆ, ಗ್ರೂಪ್‌ನಲ್ಲಿ ಹೇಳಬೇಡ, ಎಲ್ಲರೂ ಮುಗಿಬೀಳುತ್ತಾರೆ. ಕೊನೆಗೆ ಒಂದು ಸಾಲು: "ಅಡ್ಮಿನ್ ಅಣ್ಣಗೂ ಗೊತ್ತೈತಿ." ಆ ಸಾಲನ್ನು ಒಂಬತ್ತು ಜನರ ಫೋನ್‌ನಲ್ಲೂ ನಾನು ಕಣ್ಣಾರೆ ನೋಡಿದ್ದೇನೆ.

ಒಬ್ಬೊಬ್ಬರಿಂದ 85 ಸಾವಿರದವರೆಗೆ ತೆಗೆದುಕೊಂಡ. ಸರ್ವಿಸ್ ಚಾರ್ಜ್ 40, ವೀಸಾ 30, ಮೆಡಿಕಲ್ 15. ಕಂತಿನಲ್ಲಿ, ಬೇರೆ ಬೇರೆ ಹೆಸರಿನ ಯುಪಿಐಗೆ. ಮೊದಲನೆಯವನನ್ನು ನಿಜವಾಗಿಯೂ ಕಳಿಸಿದ. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ, ಎಲ್ಲರೂ ಬಿದ್ದದ್ದು ಇಲ್ಲೇ. ಹಾವೇರಿ ಕಡೆಯ ಆ ಹುಡುಗ ಏರ್‌ಪೋರ್ಟ್‌ನಲ್ಲಿ ಬ್ಯಾಗ್ ಹಿಡಿದು ನಿಂತ ಫೋಟೊ ಗ್ರೂಪ್‌ಗೆ ಬಂತು. ನೂರಾರು ಜನ ಶುಭಾಶಯ ಹೇಳಿದರು. ನಾನೂ ಹೇಳಿದೆ. ಅವನ ಕೈಯಲ್ಲಿದ್ದದ್ದು 60 ದಿನದ ಟೂರಿಸ್ಟ್ ವೀಸಾ. ಅದರಲ್ಲಿ ಅಲ್ಲಿ ಕೆಲಸ ಮಾಡುವ ಹಾಗೇ ಇಲ್ಲ, ಸಿಕ್ಕಿಬಿದ್ದರೆ ದಂಡ, ಅವಧಿ ಮೀರಿ ಉಳಿದರೆ ದಿನಕ್ಕೆ 50 ದಿರ್ಹಾಂ ಬೇರೆ. ಶಾರ್ಜಾದ ಒಂದು ರೂಮಿನಲ್ಲಿ ಹದಿನಾಲ್ಕು ಜನರ ಜೊತೆ ಹಾಕಿದರು, ಒಂದು ಕ್ಯಾಂಟೀನ್‌ನಲ್ಲಿ ಪಾತ್ರೆ ತೊಳೆಸಿದರು, ಸಂಬಳ ಕೊಡಲಿಲ್ಲ. ಅವಮಾನಕ್ಕೆ ಅಂಜಿ ಅವನು ಮನೆಗೂ ಹೇಳಲಿಲ್ಲ, ನಮಗೂ ಹೇಳಲಿಲ್ಲ. ಆ ಮೋಸಗಾರ ಈ ಹುಡುಗನ ವೀಸಾ ಕಾಪಿಯನ್ನೇ ತಿದ್ದಿ ಬಾಕಿ ಎಂಟು ಜನರಿಗೆ "ನಿನ್ನ ವೀಸಾ ಬಂತು" ಅಂತ ಕಳಿಸಿದ.

ನಡುವೆ ಒಂದು ದಿನ ಗ್ರೂಪ್‌ನಲ್ಲಿ ಒಂದು ಮೆಸೇಜ್ ಡಿಲೀಟ್ ಆಗಿದ್ದು ಕಂಡಿತು, ಅಡ್ಮಿನ್ ಅಳಿಸಿದ್ದಾರೆ ಅಂತ ಬಂದಿತ್ತು. ಯಾವುದೋ ಜಾಹೀರಾತು ಇರಬೇಕು ಅಂತ ಸುಮ್ನೆ ಬಿಟ್ಟೆ. ಅದು ಗದಗಿನ ಒಬ್ಬ ಅಕ್ಕನ ಮೆಸೇಜ್. ತನ್ನ ತಮ್ಮನಿಂದ ದುಡ್ಡು ಕೇಳುತ್ತಿದ್ದಾರೆ, ಇದು ಖರೇನಾ ಅಂತ ಕೇಳಿದ್ದರು. ಅಳಿಸಿ, ಅವರನ್ನು ಗ್ರೂಪ್‌ನಿಂದಲೇ ತೆಗೆದುಹಾಕಿದ್ದ. ಅವತ್ತು ನಾನು ಒಂದು ಫೋನ್ ಮಾಡಿದ್ದರೆ ಐದು ಜನರ ದುಡ್ಡಾದರೂ ಉಳಿಯುತ್ತಿತ್ತು.

ಹೊರಬಿದ್ದದ್ದು ಆ ತಮ್ಮನಿಂದಲೇ. ಒಂದು ಭಾನುವಾರ ಬೆಳಿಗ್ಗೆ ಮನೆ ಹುಡುಕಿಕೊಂಡು ಬಂದ. ಹತ್ತು ದಿನಕ್ಕೆ ಫ್ಲೈಟ್ ಇದೆ, ಹೋಗುವ ಮುಂಚೆ ನಿಮ್ಮ ಕಾಲಿಗೆ ನಮಸ್ಕಾರ ಮಾಡಬೇಕು ಅಂತ ಪೇಡೆ ತಂದಿದ್ದ. ಪ್ಲಾಸ್ಟಿಕ್ ಫೈಲ್ ತೆಗೆದು "ಒಂದ್ಸಲ ನೋಡ್ರಿ ಅಣ್ಣಾ" ಅಂತ ಕೊಟ್ಟ. ಆಫರ್ ಲೆಟರ್ ಲ್ಯಾಮಿನೇಷನ್ ಮಾಡಿಸಿದ್ದರು. ಅದರ ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ. ಅವರ ತಾಯಿ ದೇವರ ಮುಂದೆ ಇಟ್ಟು ಪೂಜೆ ಮಾಡಿ ಕಳಿಸಿದ್ದರು. ಕುಂಕುಮದ ಕೆಳಗೆ ಕಂಪನಿಯ ಇ-ಮೇಲ್ ಇತ್ತು. ಜಿಮೇಲ್ ಐಡಿ. ವೀಸಾದ ಮೇಲೆ ಟೂರಿಸ್ಟ್ ಅಂತ ಇಂಗ್ಲಿಷ್‌ನಲ್ಲಿ ಸ್ಪಷ್ಟವಾಗಿ ಬರೆದಿತ್ತು, ಅವನಿಗೆ ಓದಲು ಬಂದಿರಲಿಲ್ಲ. ಅವನ ಹೆಸರಿನ ಅಕ್ಷರ ಮಾತ್ರ ಉಳಿದ ಅಕ್ಷರಗಳಿಗಿಂತ ಸ್ವಲ್ಪ ದಪ್ಪಗಿತ್ತು.

ಹೇಗೆ ಹೇಳುವುದು ಅಂತ ನನಗೆ ತಿಳಿಯಲಿಲ್ಲ. ಕೊನೆಗೆ ಹೇಳಿದೆ. ಅವನು ಪೇಡೆ ಡಬ್ಬಿಯ ದಾರ ಸುತ್ತುತ್ತಾ ಬಿಚ್ಚುತ್ತಾ ಸುಮ್ಮನೆ ಕೂತಿದ್ದ. ಅವರ ತಾಯಿಗೆ ಫೋನ್ ಮಾಡಿದಾಗ ಅವರು ಬೈಯಲಿಲ್ಲ. "ತಮ್ಮಾ, ನೀ ಚಲೋ ಐತಿ ಅಂದಿ ಅಂತ ನನ್ನ ಬೋರಮಾಳ ಸರ ಅಡ ಇಟ್ಟು ಕೊಟ್ಟೀನೋ" ಅಂದರು. ನಾನು ಹಾಗೆ ಅಂದಿರಲಿಲ್ಲ. ಆದರೆ ಗ್ರೂಪ್ ನನ್ನದು, ಅಡ್ಮಿನ್ ಮಾಡಿದವನು ನಾನು. ಅವರಿಗೆ ಏನಂತ ಉತ್ತರ ಕೊಡುವುದು?

ಅವತ್ತೇ ಶೀಟ್ ಹಿಡಿದು ಒಬ್ಬೊಬ್ಬರಿಗೆ ಫೋನ್ ಮಾಡಿದೆ. ಸಂಜೆಯ ಹೊತ್ತಿಗೆ ಒಂಬತ್ತು ಜನ ಸಿಕ್ಕರು. ಒಟ್ಟು ಏಳು ಲಕ್ಷದ ಹತ್ತಿರ. ಇಬ್ಬರು ಹಿಂದಿನ ರಾತ್ರಿಯಷ್ಟೇ ಕೊನೆಯ ಕಂತು ಹಾಕಿದ್ದರು, ಅವರಿಂದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿದೆವು. ಆ ಎರಡು ಕಂತು ಬ್ಯಾಂಕ್‌ನಲ್ಲೇ ತಡೆದು ನಿಂತವು. ವಾರಗಳ ಹಿಂದೆ ಕಟ್ಟಿದ್ದೆಲ್ಲ ಖಾತೆಯಿಂದ ಖಾತೆಗೆ ಹೋಗಿ ಕರಗಿತ್ತು. ಆನ್‌ಲೈನ್‌ನಲ್ಲಿ ದುಡ್ಡು ಕಳೆದುಕೊಂಡರೆ ಯಾರಿಗೆ ಹೇಳೋಣ, ಏನಂದಾರು ಅಂತ ಯೋಚನೆ ಮಾಡುತ್ತಾ ಕೂರಬೇಡಿ. ಮೊದಲು 1930. ಆಮೇಲೆ ಸೈಬರ್ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ. ಅವನು ನಾಲ್ಕು ಜನರ ಪಾಸ್‌ಪೋರ್ಟ್ ಕೂಡ "ಸ್ಟ್ಯಾಂಪಿಂಗ್‌ಗೆ" ಅಂತ ಇಟ್ಟುಕೊಂಡಿದ್ದ. ಯುಎಇ ವಿಸಿಟ್ ವೀಸಾ ಬರುವುದು ಇ-ಮೇಲ್‌ನಲ್ಲಿ, ಅದಕ್ಕೆ ಒರಿಜಿನಲ್ ಪಾಸ್‌ಪೋರ್ಟ್ ಕಳಿಸುವ ಅಗತ್ಯವೇ ಇಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಅದು ಭಾರತ ಸರ್ಕಾರದ ಆಸ್ತಿ, ಯಾವ ಏಜೆಂಟೂ ಅದನ್ನು ತನ್ನ ಹತ್ತಿರ ಇಟ್ಟುಕೊಳ್ಳುವ ಹಾಗಿಲ್ಲ. ದೂರು ದಾಖಲಾದ ಮೇಲೆ ನಾಲ್ಕೂ ಕೊರಿಯರ್‌ನಲ್ಲಿ ಬಂದವು, ಕಳಿಸಿದವರ ವಿಳಾಸ ಇರಲಿಲ್ಲ. ಶಾರ್ಜಾದ ಹುಡುಗನಿಗೆ ನಾವೇ ಟಿಕೆಟ್ ದುಡ್ಡು ಕೂಡಿಸಿ ಕರೆಸಿಕೊಂಡೆವು.

ಈಗ ನೀವು ನೋಡಬೇಕಾದದ್ದು ಹೇಳುತ್ತೇನೆ. ಗಲ್ಫ್‌ಗೆ ಜನ ಕಳಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಆಗಿರಲೇಬೇಕು, ಇದು 1983ರ ವಲಸೆ ಕಾಯ್ದೆ. ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವರ ಪಟ್ಟಿ ಇದೆ, ಪ್ರತಿಯೊಬ್ಬರಿಗೂ ಆರ್‌ಸಿ ನಂಬರ್, ಅಂದರೆ ನೋಂದಣಿ ನಂಬರ್ ಇರುತ್ತದೆ. ನಂಬರ್ ಕೇಳಿ, ಅಲ್ಲಿ ಹಾಕಿ ನೋಡಿ, ಪಟ್ಟಿಯಲ್ಲಿರುವ ಆಫೀಸ್‌ಗೆ ನೀವೇ ಫೋನ್ ಮಾಡಿ ಕೇಳಿ. ಯಾರದ್ದೋ ನಂಬರ್ ತೋರಿಸುವವರೂ ಇದ್ದಾರೆ. ಅಂಥ ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಸರ್ವಿಸ್ ಚಾರ್ಜ್ ಹೆಚ್ಚೆಂದರೆ 30,000 ಮತ್ತು 18 ಪರ್ಸೆಂಟ್ ಜಿಎಸ್‌ಟಿ, ಅಂದರೆ 35,400. ಅದಕ್ಕೂ ರಸೀದಿ ಕೊಡಬೇಕು. ಯುಎಇ ಕಾಯ್ದೆಯಲ್ಲಂತೂ ಕೆಲಸಕ್ಕೆ ತೆಗೆದುಕೊಳ್ಳುವ ಖರ್ಚು ಕಂಪನಿಯದ್ದೇ. ವೀಸಾ ನಿಜವೋ ಸುಳ್ಳೋ ಅಂತ ಅಲ್ಲಿನ ಸರ್ಕಾರದ ಐಸಿಪಿ ವೆಬ್‌ಸೈಟ್‌ನಲ್ಲಿ ನೋಡಬಹುದು, ದುಬೈನಿಂದ ಕೊಟ್ಟದ್ದಾದರೆ ಅಲ್ಲಿನ ವೀಸಾ ಇಲಾಖೆ ಜಿಡಿಆರ್‌ಎಫ್‌ಎ ವೆಬ್‌ಸೈಟ್‌ನಲ್ಲಿ. ಐದು ನಿಮಿಷದ ಕೆಲಸ. ನಿಮಗೆ ಮಾಡಲು ಬರದಿದ್ದರೆ ಬಲ್ಲವರ ಹತ್ತಿರ ಮಾಡಿಸಿ. "ಮೊದಲು ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಚೇಂಜ್ ಮಾಡಿಸೋಣ" ಅಂದರೆ ಅಲ್ಲೇ ಎದ್ದು ಬನ್ನಿ. ಇಸಿಆರ್ ಪಾಸ್‌ಪೋರ್ಟ್‌ನವರನ್ನು ಕ್ಲಿಯರೆನ್ಸ್ ತಪ್ಪಿಸಿ ಸಾಗಿಸುವ ದಾರಿ ಅದು.

ಕೆನಡಾ ಅನ್ನುವವರಿಗೂ ಒಂದು ಮಾತು. ಹೊರದೇಶದವರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಅಲ್ಲಿನ ಕಂಪನಿಗೆ ಸರ್ಕಾರ ಕೊಡುವ ಒಪ್ಪಿಗೆಗೆ ಎಲ್‌ಎಂಐಎ ಅಂತಾರೆ. ಆ ಲೆಟರ್ ಕೊಡಿಸುತ್ತೇವೆ, ಇಷ್ಟು ಲಕ್ಷ ಅಂದರೆ ಅದು ಮೋಸ. ಅದರ ಫೀ 1,000 ಕೆನಡಾ ಡಾಲರ್, ಕಟ್ಟಬೇಕಾದವನು ಕೆಲಸ ಕೊಡುವವನು, ಕೆಲಸಗಾರನಿಂದ ವಸೂಲಿ ಮಾಡುವ ಹಾಗಿಲ್ಲ.

ದುಡ್ಡು ಹೋದರೆ ಹೇಗೋ ದುಡಿಯಬಹುದು. 2022ರಿಂದ ಥಾಯ್ಲೆಂಡ್‌ನಲ್ಲಿ ಐಟಿ ಕೆಲಸ ಅಂತ ಕರೆದೊಯ್ದು ಮ್ಯಾನ್ಮಾರ್‌ನ ಸೈಬರ್ ವಂಚನೆ ಅಡ್ಡೆಗಳಲ್ಲಿ ಕೂಡಿಹಾಕಿದ ಬಗ್ಗೆ ಸರ್ಕಾರವೇ ಎಚ್ಚರಿಕೆ ಕೊಟ್ಟಿದೆ. 2024ರಲ್ಲಿ ಕಲಬುರಗಿ ಕಡೆಯ ಹುಡುಗರು ಕೆಲಸ ಅಂತ ರಷ್ಯಾಕ್ಕೆ ಹೋಗಿ ಯುದ್ಧದ ನಡುವೆ ಸಿಕ್ಕಿಕೊಂಡದ್ದನ್ನು ಪೇಪರ್‌ನಲ್ಲಿ ನೀವೂ ಓದಿರುತ್ತೀರಿ ಅಲ್ವಾ. ಅನುಮಾನ ಬಂದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 1800 11 3090ಕ್ಕೆ ಫೋನ್ ಮಾಡಿ ಕೇಳಿ, ದುಡ್ಡು ಖರ್ಚಾಗುವುದಿಲ್ಲ.

ಗ್ರೂಪ್ ನಡೆಸುವವರಿಗೆ ನನ್ನ ವಿನಂತಿ. ಜನರ ದುಡ್ಡಿನ ಲೆಕ್ಕ, ಪಾಸ್‌ಪೋರ್ಟ್ ಫೋಟೊ ಏನನ್ನೂ ಕೂಡಿಡಬೇಡಿ. ನಾನು ಆ ಶೀಟ್ ಅಳಿಸಿ ಹಾಕಿದೆ. ಎದುರಿಗೆ ಕಾಣದವರನ್ನು ಅಡ್ಮಿನ್ ಮಾಡಬೇಡಿ. ಗ್ರೂಪ್ ಈಗ ವಾಟ್ಸಾಪ್ ಕಮ್ಯುನಿಟಿ ಆಗಿದೆ. ಅದರ ಅನೌನ್ಸ್‌ಮೆಂಟ್ ಗ್ರೂಪ್‌ನಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ, ಅಡ್ಮಿನ್‌ಗೆ ಮಾತ್ರ. ನಾವು ಮೂವರೇ ಅಡ್ಮಿನ್, ಮೂವರೂ ಒಬ್ಬರ ಮನೆಗೆ ಒಬ್ಬರು ಹೋಗಿ ಬಂದವರು. ಯಾರದ್ದೇ ಮೆಸೇಜ್ ಅಳಿಸಿದರೆ ಯಾಕೆ ಅಂತ ಕೆಳಗೇ ಬರೆಯುತ್ತೇವೆ. ತಿಂಗಳ ಮೊದಲ ಭಾನುವಾರ ಹುಬ್ಬಳ್ಳಿಯ ಗ್ಲಾಸ್ ಹೌಸ್ ಗಾರ್ಡನ್‌ನಲ್ಲಿ ಸೇರುತ್ತೇವೆ. ಆಫರ್ ಲೆಟರ್, ವೀಸಾ ಏನಿದ್ದರೂ ತಂದು ತೋರಿಸಬಹುದು, ಕೂತು ಒಂದೊಂದು ಸಾಲೂ ಕನ್ನಡದಲ್ಲಿ ಓದಿ ಹೇಳುತ್ತೇವೆ. ದಯವಿಟ್ಟು ಮನೆಯ ಹಿರಿಯರನ್ನೂ ಕರೆದುಕೊಂಡು ಬನ್ನಿ. ಬಂಗಾರ ಅಡ ಇಡುವವರು ಅವರೇ ತಾನೆ.

ಆ ಬೋರಮಾಳ ಸರ ಇನ್ನೂ ಬಿಡಿಸಿಲ್ಲ. ಹುಡುಗ ನನ್ನ ಜೊತೆಗೇ ಕೆಲಸಕ್ಕೆ ಬರುತ್ತಿದ್ದಾನೆ, ತಿಂಗಳಿಗಿಷ್ಟು ಅಂತ ಬಡ್ಡಿ ಸಮೇತ ಕಟ್ಟುತ್ತಿದ್ದೇವೆ.

ಇದನ್ನು ಈಗ ಬರೆಯಲು ಕಾರಣ ಇದೆ. ಹೋದ ವಾರ ಹಾವೇರಿಯ ಇನ್ನೊಂದು ಗ್ರೂಪ್‌ನಲ್ಲಿದ್ದ ಪರಿಚಯದವರೊಬ್ಬರು ಒಂದು ವೀಸಾ ಕಾಪಿ ಕಳಿಸಿ ಇದು ಸರಿ ಇದೆಯಾ ಅಂತ ಕೇಳಿದರು. ಅದೇ ಪಿಡಿಎಫ್. ಹೆಸರು ಬೇರೆ, ಹೆಸರಿನ ಅಕ್ಷರ ಹಾಗೇ ದಪ್ಪಗಿದೆ.