ತೋಟದ ಏರಿನಲ್ಲಿ ಮೂರು ಪಿಕಪ್: ಎಲ್‌ಎಸ್‌ಡಿ ಬೇಕಾ, ಬೇಡವಾ?

ಕಾಸರಗೋಡಿನ ಪೆರ್ಲದಿಂದ ಒಳಗೆ, ನಮ್ಮ ಕೆಳಗಿನ ತೋಟಕ್ಕೆ ಇಳಿಯುವ ದಾರಿ ನೂರೈವತ್ತು ಮೀಟರ್ ಇರಬಹುದು. ಮುರಕಲ್ಲಿನ ಗುಡ್ಡೆ ಕಡಿದು ಮಾಡಿದ್ದು. ಬೇಸಿಗೆಯಲ್ಲಿ ಆ ದಾರಿಯದ್ದೇನೂ ತಕರಾರಿಲ್ಲ, ಆಟೋ ಕೂಡ ಬರುತ್ತದೆ. ಜೋರು ಮಳೆಯ ಆಟಿ ತಿಂಗಳಲ್ಲಿ ಅದರ ಕಥೆಯೇ ಬೇರೆ. ಮೇಲ್ಮಣ್ಣು ಸಾಬೂನಿನ ಹಾಗೆ. ನಡುವಿನ ತಿರುವಿನಲ್ಲಿ ಎಡಚಕ್ರ ಹೋಗುವಲ್ಲೇ ನೀರು ಕೊರೆದ ಚರಂಡಿ.

ಮೇಲಿನ ತೋಟದಲ್ಲಿ ನೀರಿಲ್ಲ. ಹಾಗಾಗಿ ಅಡಿಕೆಯ ಕೊಳೆರೋಗದ ಮದ್ದನ್ನು ಕೆಳಗಿನ ಕೆರೆಯ ಹತ್ತಿರವೇ ಕಲಸಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತುಂಬಿಸಿ ಮೇಲೆ ತರಬೇಕು. 200 ಲೀಟರಿನ ಡ್ರಮ್ಮು ಎರಡು, ಅಂದರೆ 400 ಕಿಲೋ ದಾಟಿತು. ಎರಡನೇ ಸಲದ ಮದ್ದು ಬಿಡುವ ಹೊತ್ತಿಗೆ ಮಳೆ ಒಂದು ದಿನ ಬಿಟ್ಟರೆ ದೊಡ್ಡದು. ಆ ದಿನವೇ ಗಾಡಿ ಏರಿನಲ್ಲಿ ಕೂತರೆ ಹೇಗಿರುತ್ತದೆ ಅಂತ ಅಡಿಕೆ ತೋಟ ಇದ್ದವರಿಗೆ ಹೇಳಬೇಕಾಗಿಲ್ಲ.

ನನ್ನದು ಸಾದಾ ಪಿಕಪ್. ಹಿಂದಿನ ಚಕ್ರಕ್ಕೆ ಮಾತ್ರ ಎಂಜಿನ್ ಎಳೆತ, ಅದನ್ನು ಎಡ-ಬಲ ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್ ಕೂಡ ಸಾದಾ. ಭಾವ ಎರಡು ವರ್ಷದ ಹಿಂದೆ ಒಂದು ಹಳೆ ಪಿಕಪ್ ತಗೊಂಡ. ಅದರಲ್ಲಿ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಎಲ್‌ಎಸ್‌ಡಿ, ಇದೆ ಅಂತ ಊರಿಡೀ ಹೇಳಿಕೊಂಡು ತಿರುಗಿದ. ಮೂರನೆಯದು ನೆರೆಮನೆಯ ಇಚ್ಚನ ಟೊಯೋಟಾ ಹೈಲಕ್ಸ್. ಗಲ್ಫಿನಿಂದ ಬಂದವರು, ಆಸೆಪಟ್ಟು ತಗೊಂಡದ್ದು. ಹೋದ ಮಳೆಗಾಲ ಈ ಮೂರನ್ನೂ ಅದೇ ಏರಿನಲ್ಲಿ, ಅದೇ ಎರಡು ಡ್ರಮ್ಮು ಹೊರಿಸಿ ಹತ್ತಿಸಿ ನೋಡಿದೆವು.

ಸಾದಾ ಡಿಫರೆನ್ಷಿಯಲ್ ಯಾಕೆ ಸೋಲುತ್ತದೆ ಅನ್ನುವುದನ್ನು ಮೊದಲು ಹೇಳುತ್ತೇನೆ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು, ಒಳಗಿನದ್ದು ಕಮ್ಮಿ. ಅದಕ್ಕೆ ಅವಕಾಶ ಕೊಡುವುದೇ ಡಿಫರೆನ್ಷಿಯಲ್‌ನ ಕೆಲಸ. ಆದರೆ ಎರಡು ಚಕ್ರಕ್ಕೂ ಅದು ಕೊಡುವ ಎಳೆತ ಸಮ. ಒಂದು ಚಕ್ರ ಕೆಸರಿನಲ್ಲಿ ಸುಮ್ನೆ ತಿರುಗತೊಡಗಿದರೆ ಅಲ್ಲಿ ಎಳೆತಕ್ಕೆ ಆಸರೆಯೇ ಇಲ್ಲ, ಹಾಗಾಗಿ ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೂ ಅಷ್ಟೇ ಸಿಗುವುದು. ನೊಗದಲ್ಲಿ ಒಂದು ಎತ್ತು ಮಲಗಿದರೆ ಇನ್ನೊಂದೂ ನಿಂತ ಹಾಗೆ.

ನನ್ನ ಗಾಡಿ ತಿರುವಿನವರೆಗೆ ಬಂತು. ಎಡಚಕ್ರ ಚರಂಡಿಗೆ ಇಳಿಯಿತು, ಗರಗರ ತಿರುಗಿತು, ಹಿಂದೆ ನಿಂತಿದ್ದ ಕೆಲಸದವನ ಅಂಗಿಯೆಲ್ಲ ಕೆಂಪಾಯಿತು. ಬಲಚಕ್ರ ಒಣಗಿದ ಮುರಕಲ್ಲಿನ ಮೇಲೆ ಆರಾಮಾಗಿ ನಿಂತಿತ್ತು. ಹ್ಯಾಂಡ್‌ಬ್ರೇಕ್ ಮೂರು-ನಾಲ್ಕು ಹಲ್ಲು ಎಳೆದು ನಿಧಾನಕ್ಕೆ ಆಕ್ಸಿಲರೇಟರ್ ಕೊಟ್ಟೆ. ಇದು ಹಳೆ ಡ್ರೈವರ್‌ಗಳ ಉಪಾಯ. ಸುಮ್ನೆ ತಿರುಗುವ ಚಕ್ರಕ್ಕೆ ಬ್ರೇಕ್ ಹಿಡಿದಾಗ ಅಲ್ಲಿ ಸ್ವಲ್ಪ ಆಸರೆ ಹುಟ್ಟುತ್ತದೆ, ಇನ್ನೊಂದು ಚಕ್ರವೂ ಎಳೆಯುತ್ತದೆ. ಎರಡು ಅಡಿ ಮುಂದೆ ಹೋಯಿತು, ಮತ್ತೆ ಕೂತಿತು. ಕೊನೆಗೆ ಮೂವರು ನೂಕಿದೆವು.

ಭಾವನ ಗಾಡಿ ಅದೇ ಚರಂಡಿಗೆ ಇಳಿದು ಒಂದು ಕ್ಷಣ ತಡವರಿಸಿ ಹತ್ತಿಹೋಯಿತು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಅದರೊಳಗೆ ಇರುವುದು ಕ್ಲಚ್ ಪ್ಲೇಟಿನಂಥ ಬಿಲ್ಲೆಗಳು. ಒಂದು ಚಕ್ರ ಇನ್ನೊಂದಕ್ಕಿಂತ ಜೋರಾಗಿ ತಿರುಗಲು ಹೊರಟರೆ ಈ ಬಿಲ್ಲೆಗಳು ಒಂದಕ್ಕೊಂದು ಉಜ್ಜಿ ಹಿಡಿಯುತ್ತವೆ. ಪೂರ್ತಿ ಲಾಕ್ ಆಗುವುದಿಲ್ಲ, ಒಂದು ಮಟ್ಟದವರೆಗೆ ಮಾತ್ರ ಹಿಡಿತ. ನಮ್ಮ ಚರಂಡಿಗೆ ಅಷ್ಟು ಸಾಕಾಯಿತು.

"ಏನು ಭಾವ, ಇನ್ನೂ ನೂಕುತ್ತೀಯಾ?" ಅಂತ ಮೇಲಿನಿಂದ ಕೂಗಿದ.

ಅವನ ಖುಷಿ ಹತ್ತು ದಿನ ಇತ್ತು. ಆಮೇಲೆ ನನ್ನ ಹಿಂದಿನ ಎರಡು ಟಯರ್ ಬದಲಾಯಿಸಿದೆ. ಹೇಗೂ ಸವೆದಿದ್ದವು. ಆಳವಾದ ಕಟ್ಟಿಂಗ್ ಇರುವ ಜೋಡಿ, ಸುಮಾರು 16,000 ರೂಪಾಯಿ. ಡ್ರಮ್ಮುಗಳನ್ನು ಕ್ಯಾಬಿನ್ನಿನ ಹತ್ತಿರ ಇಡುವ ಬದಲು ಹಿಂದಿನ ಆಕ್ಸಲ್‌ನ ನೇರ ಮೇಲೆ ಇಟ್ಟು ಕಟ್ಟಿದೆ. ಅದೇ ಸಾದಾ ಡಿಫರೆನ್ಷಿಯಲ್, ಅದೇ ಏರು, ರಾತ್ರಿಯಿಡೀ ಮಳೆ ಹೊಡೆದ ಬೆಳಿಗ್ಗೆ. ಎರಡನೇ ಪ್ರಯತ್ನಕ್ಕೆ ಹತ್ತಿತು. ಅವತ್ತು ಭಾವನ ಗಾಡಿ ಹತ್ತಲಿಲ್ಲ. ಅವನ ಟಯರ್ ಬೋಳಾಗಿತ್ತು. ಎರಡೂ ಚಕ್ರ ಒಟ್ಟಿಗೆ ತಿರುಗಿದವು, ಗಾಡಿ ಅಲ್ಲೇ ನಿಂತು ಹಿಂಬದಿ ಮೆಲ್ಲಗೆ ಬರೆಯ ಕಡೆ ಜಾರಿತು. ಎರಡು ಚಕ್ರಕ್ಕೂ ಹಿಡಿತ ಇಲ್ಲದಿದ್ದರೆ ಎಲ್‌ಎಸ್‌ಡಿ ಏನು ಹಂಚೀತು?

ಈ ಜಾರುವ ವಿಷಯವನ್ನು ಮಾರುವವರು ಯಾರೂ ಹೇಳುವುದಿಲ್ಲ. ಸಾದಾ ಗಾಡಿಯಲ್ಲಿ ಒಂದು ಚಕ್ರ ಸುತ್ತಿದರೂ ಇನ್ನೊಂದು ನೆಲ ಕಚ್ಚಿಕೊಂಡು ಹಿಂಬದಿಯನ್ನು ಸಾಲಿನಲ್ಲಿ ಇಡುತ್ತದೆ. ಎಲ್‌ಎಸ್‌ಡಿಯಲ್ಲಿ ಎರಡೂ ಒಟ್ಟಿಗೆ ಹಿಡಿತ ಬಿಡಬಹುದು. ಖಾಲಿ ಪಿಕಪ್‌ನ ಹಿಂಭಾಗ ಹೇಗೂ ಹಗುರ. ಚೆರ್ಕಳ-ಕಲ್ಲಡ್ಕ ರಸ್ತೆಯ ಒಂದು ತಿರುವಿನಲ್ಲಿ, ಸಣ್ಣ ಮಳೆಗೆ ಡಾಂಬರು ಎಣ್ಣೆ ಬಿಟ್ಟ ಹೊತ್ತಿನಲ್ಲಿ, ಭಾವನ ಖಾಲಿ ಗಾಡಿಯನ್ನು ನಾನೇ ಓಡಿಸುತ್ತಿದ್ದೆ. ಎರಡನೇ ಗೇರಿನಲ್ಲಿ ಸ್ವಲ್ಪ ಜಾಸ್ತಿ ಒತ್ತಿದ್ದಕ್ಕೆ ಬಾಲ ಬೀಸಿತು. ಎದುರಿಗೆ ಬಸ್ಸು ಇರಲಿಲ್ಲ, ನಮ್ಮ ಪುಣ್ಯ.

ಇಚ್ಚನ ಹೈಲಕ್ಸ್ ಬಗ್ಗೆ ಜಾಸ್ತಿ ಹೇಳುವುದಕ್ಕಿಲ್ಲ. 2022ರಲ್ಲಿ ಭಾರತಕ್ಕೆ ಬಂದ ಗಾಡಿ, ನಾಲ್ಕೂ ಚಕ್ರಕ್ಕೆ ಎಳೆತ, ಹಿಂದಿನ ಡಿಫರೆನ್ಷಿಯಲ್ ಲಾಕ್ ಮಾಡಲು ಸ್ವಿಚ್. ಒತ್ತಿದರು, ಏರಿದರು, ಗಾಜು ಇಳಿಸಿ ನಕ್ಕರು. ಎರಡು ಚಕ್ರ ಎಳೆಯುವ ಗಾಡಿಗಳ ಜೊತೆ ಅದನ್ನು ತೂಗುವುದು ನ್ಯಾಯವೂ ಅಲ್ಲ.

ಆದರೆ ತೋಡಿನ ಪಾಲದ (ಸೇತುವೆಯ) ಹತ್ತಿರ ಅದರಿಂದ ಒಂದು ಪಾಠ ಆಯಿತು. ತೋಡು ದಾಟಿದ ಕೂಡಲೇ ನೆಲ ಓರೆ. ಅಲ್ಲಿ ಹಿಂದಿನ ಒಂದು ಚಕ್ರ ಮಣ್ಣು ಬಿಟ್ಟು ಗಾಳಿಯಲ್ಲಿ ನಿಲ್ಲುತ್ತದೆ. ಲಾಕ್ ಇದ್ದರೆ ಎರಡು ಚಕ್ರವೂ ಒಂದೇ ಸರಳಿಗೆ ಕಟ್ಟಿದ ಹಾಗೆ. ಒಂದು ಗಾಳಿಯಲ್ಲಿದ್ದರೂ ಇನ್ನೊಂದು ಎಳೆಯುತ್ತದೆ. ಭಾವನದ್ದು ಅಲ್ಲಿ ನನ್ನ ಗಾಡಿಯ ಹಾಗೇ ಪೆಚ್ಚಾಗಿ ನಿಂತಿತು. ಬಿಲ್ಲೆಗಳು ಸವೆದ ಮೇಲೆ ಚಕ್ರ ಎತ್ತಿದಾಗ ಹಿಡಿದಿಡುವ ಬಲ ಉಳಿಯುವುದಿಲ್ಲ. ಟಾರ್ಸೆನ್ ಥರದ, ಗೇರಿನಿಂದಲೇ ಕೆಲಸ ಮಾಡುವ ಎಲ್‌ಎಸ್‌ಡಿಯಲ್ಲಿ ಸವೆತ ಕಮ್ಮಿ. ಆದರೆ ಅದು ಜಾರುವ ಚಕ್ರದಲ್ಲಿರುವ ಎಳೆತದ ಎರಡು-ಮೂರು ಪಟ್ಟನ್ನು ಇನ್ನೊಂದಕ್ಕೆ ಕೊಡುವ ಲೆಕ್ಕ. ಗಾಳಿಯಲ್ಲಿರುವ ಚಕ್ರದ ಎಳೆತ ಸೊನ್ನೆ. ಸೊನ್ನೆಯ ಮೂರು ಪಟ್ಟು ಎಷ್ಟು? ಅಲ್ಲೂ ಬ್ರೇಕ್ ಮೆಲ್ಲಗೆ ಒತ್ತಿಯೇ ಕೆಲಸ ತೆಗೆಯಬೇಕು. ಥಾರ್‌ನಲ್ಲಿ ಬರುವ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಅನ್ನು ತುಂಬ ಜನ ಎಲ್‌ಎಸ್‌ಡಿ ಅಂದುಕೊಳ್ಳುತ್ತಾರೆ, ಅದು ಬೇರೆ ಜಾತಿ. ಒಂದು ಚಕ್ರ ಇನ್ನೊಂದಕ್ಕಿಂತ ನಿಮಿಷಕ್ಕೆ ಸುಮಾರು 100 ಸುತ್ತು ಜಾಸ್ತಿ ತಿರುಗಿದಾಗ ಅದು ತಾನೇ ಪೂರ್ತಿ ಲಾಕ್ ಆಗುತ್ತದೆ.

ಇನ್ನು ಎಣ್ಣೆಯ ವಿಚಾರ. ಬಿಲ್ಲೆ ಇರುವ ಎಲ್‌ಎಸ್‌ಡಿಗೆ ಅದಕ್ಕೆಂದೇ ಮಾಡಿದ ಗೇರ್ ಆಯಿಲ್ ಬೇಕು, ಇಲ್ಲವೇ ಅದಕ್ಕೆ ಬೆರೆಸುವ ಸಣ್ಣ ಬಾಟ್ಲಿಯ ಮದ್ದು. ಒಂದು ಗ್ಯಾರೇಜಿನಲ್ಲಿ ಸಾದಾ ಎಣ್ಣೆ ಹೊಯ್ದು ಕಳಿಸಿದ್ದರು. ಬದಿಯಡ್ಕ ಪೇಟೆಯಲ್ಲಿ ಗಾಡಿ ತಿರುಗಿಸುವಾಗ ಹಿಂದಿನಿಂದ ಕಟಕಟ ಕಟಕಟ. ಡಿಫರೆನ್ಷಿಯಲ್‌ಗೆ ಎಳೆತ ಕೊಡುವ ಗೇರಿನ ಜೋಡಿ, ಕ್ರೌನ್-ಪಿನಿಯನ್, ಹೋಯಿತು ಅಂತ ಭಾವನಿಗೆ ರಾತ್ರಿ ನಿದ್ದೆ ಇಲ್ಲ. ಎಣ್ಣೆ ಬದಲಾಯಿಸಿದ ಮೇಲೆ ಸದ್ದು ನಿಂತಿತು. ಹಿಂದಿನ ಎರಡು ಟಯರೂ ಒಂದೇ ಸೈಜು, ಒಂದೇ ಸವೆತದ್ದು ಇರಬೇಕು. ಒಂದು ಹೊಸತು ಒಂದು ಹಳತು ಹಾಕಿದರೆ ನೇರ ರಸ್ತೆಯಲ್ಲೂ ಬಿಲ್ಲೆಗಳು ಉಜ್ಜುತ್ತಲೇ ಇರುತ್ತವೆ. ಮತ್ತೆ, ಒಂದೇ ಚಕ್ರ ಜಾಕ್ ಮೇಲೆತ್ತಿ ಎಂಜಿನ್ ಗೇರಿಗೆ ಹಾಕಲೇಬೇಡಿ. ನೆಲದಲ್ಲಿರುವ ಚಕ್ರವೂ ಎಳೆಯುತ್ತದೆ, ಗಾಡಿ ಜಾಕಿನಿಂದ ಇಳಿದು ಹೊರಟೀತು.

ಹಾಗಾದರೆ ದುಡ್ಡು ಕೊಡಬಹುದಾ? ಕಂಪನಿಯಿಂದಲೇ ಎಲ್‌ಎಸ್‌ಡಿ ಇರುವ ಗಾಡಿ ಸ್ವಲ್ಪ ಜಾಸ್ತಿಗೆ ಸಿಕ್ಕಿದರೆ ನಾನು ಕೊಡುತ್ತೇನೆ. ಸಾದಾ ಗಾಡಿಗೆ ಹೊರಗಿನಿಂದ ತರಿಸಿ ಹಾಕುವುದಕ್ಕೆ ಕೊಡುವುದಿಲ್ಲ. ಹೌಸಿಂಗ್ ಬಿಚ್ಚಬೇಕು, ಕ್ರೌನ್-ಪಿನಿಯನ್ ಹೊಂದಾಣಿಕೆ ಮತ್ತೆ ಸರಿ ಮಾಡಬೇಕು, ಅದು ಎಲ್ಲರ ಕೈಗೂ ಕೂರುವ ಕೆಲಸ ಅಲ್ಲ. ಡಾಂಬರು ರಸ್ತೆಯಲ್ಲೇ ಅಡಿಕೆ, ತರಕಾರಿ ಸಾಗಿಸುವವರಿಗೆ ಯಾವುದೂ ಬೇಡ. ಚಕ್ರ ಗಾಳಿಗೆ ಏಳುವಂಥ ದಾರಿ ದಿನಾ ಇದ್ದರೆ ಲಾಕ್ ಇರುವುದನ್ನೇ ನೋಡಿ.

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮಿಬ್ಬರಿಗೂ ಒಂದು ಕುತೂಹಲ ಉಳಿದಿತ್ತು. ಎರಡೂ ಗಾಡಿಯ ಟಯರ್ ಸೈಜು ಒಂದೇ. ನನ್ನ ಹೊಸ ಜೋಡಿಯನ್ನು ಭಾವನ ಗಾಡಿಗೆ ಹಾಕಿ ಏರಿಸಿದೆವು. ಚರಂಡಿ ಇದೆ ಅನ್ನುವುದೇ ಗೊತ್ತಾಗದ ಹಾಗೆ ಹತ್ತಿತು. ಟಯರ್ ಇನ್ನೂ ಅವನ ಗಾಡಿಯಲ್ಲೇ ಇದೆ. ಕೇಳಿದಾಗಲೆಲ್ಲ "ನಾಳೆ ಬಿಚ್ಚಿ ಕೊಡ್ತೇನೆ ಭಾವ" ಅನ್ನುತ್ತಾನೆ.