ಬಿ760 ಬೋರ್ಡ್, 550 ವ್ಯಾಟ್ ಎಸ್‌ಎಂಪಿಎಸ್: ದಾವಣಗೆರೆ ಕರೆಂಟಿಗೆ ಹೇಗಿದೆ?

ಮದುವೆ ಆಲ್ಬಂ ಡಿಸೈನ್ ಮಾಡುವುದು ನನ್ನ ಕೆಲಸ. ದಾವಣಗೆರೆ ವಿದ್ಯಾನಗರದ ಮನೆಯಲ್ಲೇ ಒಂದು ರೂಮು, ಒಂದು ಕಂಪ್ಯೂಟರ್. ಅಷ್ಟೇ ನನ್ನ ಆಫೀಸು. ಸೀಸನ್ನಿನಲ್ಲಿ ಫೋಟೋಗ್ರಾಫರುಗಳು ರಾತ್ರಿ ಹನ್ನೊಂದಕ್ಕೆ ಹಾರ್ಡ್ ಡಿಸ್ಕ್ ತಂದುಕೊಟ್ಟು, "ಅಕ್ಕ, ನಾಡಿದ್ದು ಬೀಗರಿಗೆ ತೋರಿಸ್ಬೇಕಂತೆ" ಅನ್ನುತ್ತಾರೆ. ಹಾಗಾಗಿ ಈ ರಿವ್ಯೂನಲ್ಲಿ ಗೇಮ್ ಇಲ್ಲ, ಎಫ್‌ಪಿಎಸ್ ಇಲ್ಲ. ಕರೆಂಟ್ ಹೋದಾಗ, ಬಂದಾಗ, ಕಮ್ಮಿ ಆದಾಗ ಈ ಬೋರ್ಡ್ (ಮದರ್‌ಬೋರ್ಡ್) ಮತ್ತು ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ವೋಲ್ಟಿಗೆ ಇಳಿಸಿಕೊಡುವ ಡಬ್ಬ) ಏನು ಮಾಡುತ್ತವೆ, ಅದನ್ನಷ್ಟೇ ಬರೆಯುತ್ತೇನೆ.

ತಗೊಂಡಿದ್ದು ಇಂಟೆಲ್ ಐ5-12400 ಪ್ರೊಸೆಸರ್, ಬಿ760 ಚಿಪ್‌ಸೆಟ್ಟಿನ ಬೋರ್ಡ್, 550 ವ್ಯಾಟ್ ಬ್ರಾಂಜ್ ಎಸ್‌ಎಂಪಿಎಸ್. ಗ್ರಾಫಿಕ್ಸ್ ಕಾರ್ಡ್ ಹಳೆಯದೇ, ಜಿಟಿಎಕ್ಸ್ 1650. ಕಂಪನಿ ಹೆಸರು ಬೇಕಂತಲೇ ಬಿಟ್ಟಿದ್ದೇನೆ. ಹತ್ತು ಸಾವಿರದ ಆಸುಪಾಸಿನಲ್ಲಿ ಮೂರ್ನಾಲ್ಕು ಕಂಪನಿಯ ಬಿ760 ಬೋರ್ಡ್ ಸಿಗುತ್ತವೆ. ಇಲ್ಲಿ ಹೇಳುವುದು ಬಹುಪಾಲು ಎಲ್ಲಕ್ಕೂ ಹೊಂದುತ್ತದೆ.

ಮೊದಲು ಎಸ್‌ಎಂಪಿಎಸ್, ಯಾಕೆಂದರೆ ನನ್ನ ರೋಗ ಇದ್ದದ್ದು ಅಲ್ಲೇ. ಪಕ್ಕದ ಮನೆಯವರು ಬೋರ್ ಮೋಟರ್ ಹಾಕಿದರೆ ಸಾಕು, ನನ್ನ ಕಂಪ್ಯೂಟರ್ ರೀಸ್ಟಾರ್ಟ್. ಯುಪಿಎಸ್ ಇದ್ದರೂ ಅದೇ ಕಥೆ. ಕ್ಯಾಬಿನೆಟ್ ಜತೆಗೇ ಬಂದಿದ್ದ ಎಸ್‌ಎಂಪಿಎಸ್ ಅದು. ಮೈಮೇಲೆ 450 ವ್ಯಾಟ್ ಅಂತ ದಪ್ಪ ಅಕ್ಷರ. ಕೆಳಗಿನ ಸಣ್ಣ ಟೇಬಲ್ಲಿನಲ್ಲಿ 12 ವೋಲ್ಟ್ ಅಂತ ಇರುವ ಕಡೆ ನೋಡಿದರೆ 16 ಆಂಪಿಯರ್. ಗುಣಿಸಿ ನೋಡಿ, 192 ವ್ಯಾಟ್! ಮಿಕ್ಕಿದ್ದನ್ನೆಲ್ಲ 5 ವೋಲ್ಟ್, 3.3 ವೋಲ್ಟ್ ಲೈನುಗಳಲ್ಲಿ ತೋರಿಸಿ ಲೆಕ್ಕ ತುಂಬಿಸಿದ್ದಾರೆ. ಈಗಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್ರೂ ಗ್ರಾಫಿಕ್ಸ್ ಕಾರ್ಡೂ ಬದುಕುವುದೇ 12 ವೋಲ್ಟಿನ ಮೇಲೆ.

ಅಂಗಡಿಯ ಹುಡುಗ ಹಳೆಯದನ್ನು ಚೆಕ್ ಮಾಡಿದ ರೀತಿ ಹೇಳಲೇಬೇಕು. 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ವೈರಿಗೂ ಕಪ್ಪು ವೈರಿಗೂ ಒಂದು ತಂತಿ ಸೇರಿಸಿದ. ಫ್ಯಾನ್ ತಿರುಗಿತು. "ನೋಡ್ರಿ ಅಕ್ಕ, ಚೆನ್ನಾಗೈತೆ" ಅಂದ. ನಾನು ಒಪ್ಪಲಿಲ್ಲ. ಆ ಹಸಿರು ವೈರ್ ಅಂದರೆ ಬೋರ್ಡು ಎಸ್‌ಎಂಪಿಎಸ್‌ಗೆ 'ಆನ್ ಆಗು' ಅಂತ ಹೇಳುವ ದಾರಿ. ಫ್ಯಾನ್ ತಿರುಗಿದರೆ ಅದು ಆನ್ ಆಗುತ್ತದೆ ಅಂತ ಮಾತ್ರ ಗೊತ್ತಾಗುತ್ತದೆ. ವಿಡಿಯೋ ರೆಂಡರ್ ಹಾಕಿದಾಗ (ಎಡಿಟ್ ಮಾಡಿದ್ದನ್ನು ಕಂಪ್ಯೂಟರ್ ಪೂರ್ತಿ ಜೋರಲ್ಲಿ ಓಡಿ ಫೈಲ್ ಮಾಡುವಾಗ) 12 ವೋಲ್ಟು 12ರಲ್ಲೇ ನಿಲ್ಲುತ್ತದೋ ಇಲ್ಲವೋ ಅನ್ನುವುದು ಬೇರೆ ಪ್ರಶ್ನೆ.

ಹೊಸದರಲ್ಲಿ 12 ವೋಲ್ಟ್ ಲೈನೊಂದರಲ್ಲೇ 540 ವ್ಯಾಟ್ ಇದೆ. ಅಷ್ಟು ಬೇಕಾ? ಲೆಕ್ಕ ಹಾಕೋಣ. ಪ್ರೊಸೆಸರ್ ಡಬ್ಬದ ಮೇಲೆ 65 ವ್ಯಾಟ್ ಅಂತಿದ್ದರೂ ಟರ್ಬೋದಲ್ಲಿ, ಅಂದರೆ ಜೋರಾಗಿ ಓಡುವಾಗ, 117ರವರೆಗೆ ಹೋಗುತ್ತದೆ. 1650 ಕಾರ್ಡಿಗೆ 75 ವ್ಯಾಟ್. ಅದು ಸ್ಲಾಟಿನಿಂದಲೇ ಬರುತ್ತದೆ, ಬೇರೆ ವೈರ್ ಬೇಡ. ಡಿಸ್ಕು, ಫ್ಯಾನು, ರ‍್ಯಾಮ್ ಸೇರಿದರೆ ಇನ್ನೊಂದಿಷ್ಟು. ಪ್ಲಗ್ಗಿಗೆ ವ್ಯಾಟ್ ಮೀಟರ್ ಹಾಕಿ ನೋಡಿದಾಗ ರೆಂಡರ್ ಹೊತ್ತಿನಲ್ಲಿ 220ರ ಹತ್ತಿರ ಬಂತು, ಸುಮ್ನೆ ಇದ್ದಾಗ 40ರ ಒಳಗೆ. ಹಾಗಾದರೆ 400 ವ್ಯಾಟಿನದೇ ಸಾಕು, ಅಲ್ವಾ? ಸಾಕು, ಆದರೆ ಅದು ಒಳ್ಳೆಯದಾಗಿರಬೇಕು. ನಾಳೆ ಕಾರ್ಡ್ ಬದಲಿಸುವ ಯೋಚನೆ ಇರುವುದರಿಂದ 550ಕ್ಕೆ ಹೋದೆ. ಬ್ರಾಂಜ್ ಅಂದರೆ ಅರ್ಧ ಲೋಡಿನಲ್ಲಿ ಎಳೆದ ಕರೆಂಟಿನ ನೂರಕ್ಕೆ 85 ಭಾಗ ಕೆಲಸಕ್ಕೆ ಬರುತ್ತದೆ, ಉಳಿದದ್ದು ಬಿಸಿ. ಇನ್ನೊಂದು ಮುಖ್ಯ ವಿಷಯ, ಇದು 100ರಿಂದ 240 ವೋಲ್ಟಿನವರೆಗೆ ನಡೆಯುತ್ತದೆ. ಬೇಸಿಗೆ ಸಂಜೆ ಟ್ಯೂಬ್‌ಲೈಟ್ ಮಿಣುಕುವಾಗಲೂ ನನ್ನ ಫೋಟೋಶಾಪ್ ಕದಲುವುದಿಲ್ಲ.

ಕರೆಂಟ್ ಹೋದಾಗ ಏನಾಗುತ್ತದೆ? ಗೋಡೆಯ ಕರೆಂಟ್ ನಿಂತ ಮೇಲೂ ಒಳ್ಳೆಯ ಎಸ್‌ಎಂಪಿಎಸ್ ತನ್ನ ಕೆಪ್ಯಾಸಿಟರಿನಲ್ಲಿ ಕೂಡಿಟ್ಟ ಶಕ್ತಿಯಿಂದ ಸುಮಾರು 16 ಮಿಲಿಸೆಕೆಂಡ್ ತಡೆದು ನಿಲ್ಲಬೇಕು ಅಂತ ಎಟಿಎಕ್ಸ್ (ಎಸ್‌ಎಂಪಿಎಸ್ ಹೇಗಿರಬೇಕು ಅನ್ನುವ ಸ್ಟ್ಯಾಂಡರ್ಡ್) ನಿಯಮವಿದೆ. ಮಾಮೂಲಿ ಯುಪಿಎಸ್ ಬ್ಯಾಟರಿಗೆ ಬದಲಾಗಲು 10 ಮಿಲಿಸೆಕೆಂಡಿನ ಒಳಗೆ ಬೇಕು. ಆ ಸಣ್ಣ ಸಂದಿಯಲ್ಲೇ ನನ್ನ ಹಳೆಯದು ಕೈಕೊಡುತ್ತಿತ್ತು. ಮನೆ ಇನ್ವರ್ಟರ್ ಮೇಲೆ ಕಂಪ್ಯೂಟರ್ ಓಡಿಸುವವರು ಅದರಲ್ಲಿ ಇಕೋ, ಯುಪಿಎಸ್ ಅಂತ ಸ್ವಿಚ್ ಇದೆಯಾ ನೋಡಿ. ಇಕೋದಲ್ಲಿ ಬದಲಾಗುವುದು ನಿಧಾನ. ಫ್ಯಾನಿಗೆ ಪರವಾಗಿಲ್ಲ, ಕಂಪ್ಯೂಟರ್ ಬಿದ್ದುಹೋಗುತ್ತದೆ.

ಅಗ್ಗದ ಯುಪಿಎಸ್‌ಗಳು ಬ್ಯಾಟರಿಯಿಂದ ಕೊಡುವ ಕರೆಂಟಿನ ಅಲೆ ಮೆಟ್ಟಿಲು ಮೆಟ್ಟಿಲಾಗಿರುತ್ತದೆ, ನಯವಾಗಿರಲ್ಲ. ಆಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟ್) ಇರುವ ಕೆಲವು ಎಸ್‌ಎಂಪಿಎಸ್‌ಗೆ ಅದು ಆಗಿಬರುವುದಿಲ್ಲ. ಅದಕ್ಕೇ ನನ್ನ ಯುಪಿಎಸ್ಸನ್ನೇ ಸ್ಕೂಟಿಯಲ್ಲಿಟ್ಟುಕೊಂಡು ಅಂಗಡಿಗೆ ಹೋದೆ. ಎಲ್ಲ ಜೋಡಿಸಿ, ರೆಂಡರ್ ಹಾಕಿಸಿ, ಪ್ಲಗ್ ಕೀಳಿಸಿದೆ. ಕಂಪ್ಯೂಟರ್ ಅಲ್ಲಾಡಲಿಲ್ಲ. ಮಾಲೀಕರಿಗೆ ಸ್ವಲ್ಪ ಸಿಟ್ಟು ಬಂದ ಹಾಗಿತ್ತು, ಆದರೂ ಮಾಡಿಕೊಟ್ಟರು. ಯುಪಿಎಸ್ ಮೇಲಿರುವ 600 ವಿಎ (ವೋಲ್ಟ್-ಆಂಪಿಯರ್) ಅನ್ನುವುದನ್ನು ವ್ಯಾಟ್ ಅಂದುಕೊಳ್ಳಬೇಡಿ. ನನ್ನದು 600 ವಿಎ, ನಿಜವಾಗಿ ಹೊರುವುದು 360 ವ್ಯಾಟ್.

ಇನ್ನು ಬೋರ್ಡು. ಎಸ್‌ಎಂಪಿಎಸ್ ಕೊಡುವ 12 ವೋಲ್ಟನ್ನು ಪ್ರೊಸೆಸರ್ ಪಕ್ಕದ ವಿಆರ್‌ಎಂ ಅನ್ನುವ ಸರ್ಕ್ಯೂಟ್ ಒಂದು ವೋಲ್ಟಿನ ಆಸುಪಾಸಿಗೆ ಇಳಿಸುತ್ತದೆ. ವೋಲ್ಟ್ ಇಳಿದರೆ ಆಂಪಿಯರ್ ಏರಬೇಕಲ್ಲ, 117 ವ್ಯಾಟಿನಲ್ಲಿ ಅದು ನೂರು ಆಂಪಿಯರ್ ಹತ್ತಿರ! ಮಂಡಿಪೇಟೆಯ ಹಮಾಲರು ಲಾರಿ ಲೋಡನ್ನು ಸರದಿಯಲ್ಲಿ ಇಳಿಸುವ ಹಾಗೆ ವಿಆರ್‌ಎಂ ಒಳಗಿನ ಭಾಗಗಳಾದ ಫೇಸ್‌ಗಳು ಈ ಭಾರ ಹಂಚಿಕೊಳ್ಳುತ್ತವೆ. ಅಂಗಡಿಯಲ್ಲಿ ಇದಕ್ಕಿಂತ ಅಗ್ಗದ ಎಚ್610 ಬೋರ್ಡೂ ತೋರಿಸಿದರು. ಅದರ ವಿಆರ್‌ಎಂ ಮೇಲೆ ಬಿಸಿ ಹೀರುವ ಲೋಹದ ಹೀಟ್‌ಸಿಂಕೇ ಇರಲಿಲ್ಲ. ಆಫೀಸ್ ಟೈಪಿಂಗಿಗೆ ಸಾಕು. ಏಪ್ರಿಲ್ ಮಧ್ಯಾಹ್ನ ಎಸಿ ಇಲ್ಲದ ರೂಮಿನಲ್ಲಿ ಗಂಟೆಗಟ್ಟಲೆ ರೆಂಡರ್ ಹಾಕುವವಳಿಗೆ ಸಾಲದು. ಇನ್ನೊಂದು ಬೋರ್ಡಿಗೆ ಬಣ್ಣದ ಲೈಟ್ ಇತ್ತು, "ಅಕ್ಕ, ಇದ್ರಾಗೆ ಲೈಟ್ ಬರ್ತವೆ" ಅಂದ ಹುಡುಗ. ಲೈಟಿಗೆ ಕೊಡುವ ದುಡ್ಡು ಹೀಟ್‌ಸಿಂಕಿಗೆ ಹೋಗಲಿ ಅಂದೆ.

ಬೋರ್ಡಿನ ಬಗ್ಗೆ ನನ್ನ ದೊಡ್ಡ ತಕರಾರು ಇಲ್ಲೇ ಇದೆ. ಪ್ರೊಸೆಸರ್ ಎಷ್ಟು ವ್ಯಾಟ್ ಎಳೆಯಬಹುದು ಅನ್ನುವ ಪವರ್ ಲಿಮಿಟ್ಟನ್ನು ಬರುವಾಗಲೇ ಸಡಿಲ ಬಿಟ್ಟಿರುತ್ತಾರೆ. ಪ್ರೊಸೆಸರ್ ಇಡೀ ರೆಂಡರ್ 117 ವ್ಯಾಟಿನಲ್ಲೇ ಓಡುತ್ತದೆ, ಡಬ್ಬದ ಜತೆ ಬಂದ ಕೂಲರ್ ಕೂಗಿಕೊಳ್ಳುತ್ತದೆ. ಬಯೋಸಿನಲ್ಲಿ (ಬೋರ್ಡಿನ ಸ್ವಂತ ಸೆಟ್ಟಿಂಗ್ ಪೇಜು) ಪಿಎಲ್1 ಅನ್ನುವ ಆ ಲಿಮಿಟ್ಟನ್ನು 65ಕ್ಕೆ ಇಳಿಸಿದೆ. ರೆಂಡರ್ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ, ರೂಮಿನಲ್ಲಿ ಕೂರುವ ಹಾಗಾಯಿತು. ಮ್ಯಾನ್ಯುಯಲ್ಲಿನಲ್ಲಿ ಇದರ ಬಗ್ಗೆ ಎರಡು ಸಾಲು ಬರೆದಿದ್ದರೆ ಏನು ಗಂಟು ಹೋಗುತ್ತಿತ್ತು?

ನನಗೆ ತುಂಬಾ ಹಿಡಿಸಿದ್ದು, ಕರೆಂಟ್ ವಾಪಸ್ ಬಂದಾಗ ಏನು ಮಾಡಬೇಕು ಅಂತ ಬೋರ್ಡಿಗೆ ಹೇಳಿಡಬಹುದು ಅನ್ನುವುದು. ಅಸುಸ್ ಬೋರ್ಡುಗಳಲ್ಲಿ ಇದು ಬಯೋಸಿನ ಎಪಿಎಂ ಕಾನ್ಫಿಗರೇಶನ್ ಒಳಗೆ 'ರಿಸ್ಟೋರ್ ಎಸಿ ಪವರ್ ಲಾಸ್' ಅಂತಿರುತ್ತದೆ. ಗಿಗಾಬೈಟಿನಲ್ಲಿ 'ಎಸಿ ಬ್ಯಾಕ್'. ತಾನೇ ಆನ್ ಆಗಲಿ, ಆಫ್ ಆಗಿಯೇ ಇರಲಿ, ಮೊದಲು ಹೇಗಿತ್ತೋ ಹಾಗಿರಲಿ, ಹೀಗೆ ಮೂರು ಆಯ್ಕೆ. ನಾನು ಆಫ್ ಇಟ್ಟಿದ್ದೇನೆ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಕರೆಂಟ್ ಬಂದು ಹೋಗಿ ಆಟ ಆಡುತ್ತದೆ, ಪ್ರತಿ ಸಲ ಕಂಪ್ಯೂಟರ್ ಎದ್ದು ಬೀಳುವುದು ನನಗೆ ಬೇಡ. ಚಿತ್ರದುರ್ಗದಲ್ಲಿ ನಮ್ಮ ಭಾವನ ಗೋಡೌನಿನ ಸಿಸಿಟಿವಿ ಕಂಪ್ಯೂಟರಿಗೆ ಮಾತ್ರ 'ಆನ್' ಹಾಕಿಸಿದ್ದೇನೆ. ಅಲ್ಲಿ ರಾತ್ರಿ ಬಟನ್ ಒತ್ತುವವರು ಯಾರೂ ಇಲ್ಲ.

ಶಟ್‌ಡೌನ್ ಮಾಡಿದರೂ ಬೋರ್ಡ್ ಪೂರ್ತಿ ಮಲಗುವುದಿಲ್ಲ, ಗೊತ್ತಾ? 5 ವೋಲ್ಟಿನ ಒಂದು ಸ್ಟ್ಯಾಂಡ್‌ಬೈ ಲೈನ್ ಸದಾ ಜೀವಂತ. ಬಟನ್ ಒತ್ತಿದ್ದು ಬೋರ್ಡಿಗೆ ತಿಳಿಯುವುದೇ ಅದರಿಂದ. ಬೋರ್ಡಿನಲ್ಲಿ ಏನನ್ನಾದರೂ ಕೀಳುವ ಮೊದಲು ಗೋಡೆಯ ಸ್ವಿಚ್ ಆರಿಸಿ ಅನ್ನುವುದೂ ಇದಕ್ಕೇ. ಬಯೋಸಿನಲ್ಲಿ ಇಆರ್‌ಪಿ ಅನ್ನುವ ಆಯ್ಕೆ ಆನ್ ಮಾಡಿದರೆ ಈ ಖರ್ಚು ಅರ್ಧ ವ್ಯಾಟಿಗಿಂತ ಕೆಳಗಿಳಿಯುತ್ತದೆ. ಯುರೋಪಿನ ನಿಯಮಕ್ಕಾಗಿ ಬಂದದ್ದು. ಆದರೆ ಆಗ ಟೈಮ್ ಇಟ್ಟು ತಾನೇ ಆನ್ ಆಗುವುದು, ಕೀಬೋರ್ಡಿನಿಂದ ಎಬ್ಬಿಸುವುದು, ನೆಟ್‌ವರ್ಕಿನಿಂದ ಎಬ್ಬಿಸುವುದು ಎಲ್ಲ ಬಂದ್. ನನಗೆ ಬೆಳಗ್ಗೆ ಆರಕ್ಕೆ ಕಂಪ್ಯೂಟರ್ ತಾನೇ ಎದ್ದು ಬ್ಯಾಕಪ್ ಶುರು ಮಾಡಬೇಕು. ಇಆರ್‌ಪಿ ಆಫ್. ಮೀಟರಿನಲ್ಲಿ ಒಂದೂವರೆ ವ್ಯಾಟ್ ತೋರಿಸುತ್ತದೆ, ತಿಂಗಳಿಗೆ ಒಂದು ಯೂನಿಟ್ ಸುತ್ತಮುತ್ತ. ಅಷ್ಟು ಹೋಗಲಿ ಬಿಡಿ.

ಯೂನಿಟ್ ಎಣಿಸುವುದಕ್ಕೆ ಕಾರಣ ಗೃಹಜ್ಯೋತಿ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ರಾತ್ರಿ ಹತ್ತು ಗಂಟೆ ಕಂಪ್ಯೂಟರನ್ನು ಸುಮ್ನೆ ಆನ್ ಬಿಟ್ಟರೆ ತಿಂಗಳಿಗೆ ಹನ್ನೊಂದು ಹನ್ನೆರಡು ಯೂನಿಟ್. ಅದೇ ಸ್ಲೀಪ್ ಹಾಕಿದರೆ ಒಂದೂ ಆಗುವುದಿಲ್ಲ. ಈ ಬೋರ್ಡಿನಲ್ಲಿ ಎಸ್3 ಸ್ಲೀಪ್ ಇದೆ. ರ‍್ಯಾಮ್‌ಗೆ ಮಾತ್ರ ಕರೆಂಟ್, ಮಿಕ್ಕಿದ್ದೆಲ್ಲ ಬಂದ್. ಮೀಟರಿನಲ್ಲಿ ಎರಡು ಮೂರು ವ್ಯಾಟ್. ಎದ್ದರೆ ಫೋಟೋಶಾಪ್ ಬಿಟ್ಟಲ್ಲೇ ಇರುತ್ತದೆ. ಆದರೆ ಸ್ಲೀಪಿನಲ್ಲಿದ್ದಾಗ ಯುಪಿಎಸ್ ಬ್ಯಾಟರಿಯೂ ಮುಗಿದರೆ ಸೇವ್ ಮಾಡದ ಕೆಲಸ ಹೋಯಿತು ಅಂತಲೇ ಲೆಕ್ಕ. ಊರಿಗೆ ಹೋಗುವಾಗ ಹೈಬರ್ನೇಟ್ ಹಾಕಿ. ಅದು ಡಿಸ್ಕಿಗೆ ಬರೆದಿಡುತ್ತದೆ, ಕರೆಂಟ್ ಬೇಡ.

ಕೊಳ್ಳುವವರಿಗೆ ಇನ್ನೆರಡು ಮಾತು. ಬೋರ್ಡಿನ ಮೇಲಿನ ಮೂಲೆಯಲ್ಲಿ ಪ್ರೊಸೆಸರಿಗೆ 8 ಪಿನ್ನಿನ ಸಾಕೆಟ್ ಇರುತ್ತದೆ. ಹಳೆಯ ಎಸ್‌ಎಂಪಿಎಸ್‌ನಲ್ಲಿ ಇದ್ದದ್ದು 4 ಪಿನ್. ಎಸ್‌ಎಂಪಿಎಸ್ ಕೆಳಗೆ ಕೂರುವ ಕ್ಯಾಬಿನೆಟ್ ಆದರೆ ಈ ವೈರ್ ಹಿಂದಿನಿಂದ ಸುತ್ತಿ ಮೇಲೆ ಬರಬೇಕು, ಉದ್ದ ಸಾಲದಿದ್ದರೆ ಕಷ್ಟ. ದುಡ್ಡು ಕೊಡುವ ಮೊದಲೇ ಅಳೆಸಿ. ಮತ್ತೆ, ಬಯೋಸ್ ಅಪ್‌ಡೇಟ್ ಮಾಡಿಸಿದರೆ ನಾವು ಇಟ್ಟ ಪವರ್ ಸೆಟ್ಟಿಂಗ್ ಎಲ್ಲ ಸಾಮಾನ್ಯವಾಗಿ ಮೊದಲಿನಂತಾಗುತ್ತವೆ. ಪಿಎಲ್1, ಎಸಿ ಬ್ಯಾಕ್, ಅಲಾರಂ ಟೈಮ್ ಇರುವ ಪೇಜುಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.