ನಾಲ್ಕು ಬೇಸ್ ಗಿಟಾರ್, ಒಂದು ವರ್ಷದ ಲೆಕ್ಕ

ನಮ್ಮ ಅಡುಗೆಮನೆ ಗೋಡೆಗೆ ಒಂದು ಕ್ಯಾಲೆಂಡರ್ ಇದೆ. ಅದರ ಚೌಕಗಳಲ್ಲಿ ನನ್ನ ಹೆಂಡತಿ ಹಾಲಿನ ಲೆಕ್ಕ ಬರೆಯುತ್ತಾಳೆ. ಹೋದ ಯುಗಾದಿಯಿಂದ ಈ ಯುಗಾದಿವರೆಗೆ ಅದೇ ಚೌಕದ ಇನ್ನೊಂದು ಮೂಲೆಯಲ್ಲಿ ನಾನೂ ಪೆನ್ಸಿಲ್‌ನಿಂದ ಒಂದೊಂದು ಅಕ್ಷರ ಬರೆದೆ. ಆ ದಿನ ಯಾವ ಬೇಸ್ ಗಿಟಾರ್ (ಹಾಡಿನ ಕೆಳಗಿನ ದಪ್ಪ ಸ್ವರ ನುಡಿಸುವ ಗಿಟಾರ್) ನುಡಿಸಿದೆ ಅನ್ನೋದರ ಗುರುತು ಅದು. ‘ಪ’ ಅಂದರೆ ಪ್ರಿಸಿಷನ್. ‘ಗಿ’ ಅಂದರೆ ಗಿಡ್ಡ. ‘ಐ’ ಅಂದರೆ ಐದು ತಂತಿಯದು. ‘ಬೋ’ ಅಂದರೆ ಬೋಳು, ಫ್ರೆಟ್ (ಸ್ವರದ ಜಾಗ ಗುರುತಿಸುವ ಲೋಹದ ಅಡ್ಡಪಟ್ಟಿ) ಇಲ್ಲದ್ದು. ಒಂದೇ ದಿನ ಎರಡು ನುಡಿಸಿದ್ದರೆ ಎರಡೂ ಅಕ್ಷರ.

ಮನೆ ಬೆಳಗಾವಿಯ ಟಿಳಕವಾಡಿಯಲ್ಲಿ, ಇರೋದು ಎರಡೇ ಕೋಣೆ. "ನಾಲ್ಕ ಯಾಕ ಬೇಕ್ರೀ? ಒಂದ ಕೊಟ್ರ ಮಂಚದ ಕೆಳಗ ಜಾಗಾ ಆಗತೈತಿ" ಅಂದಳು ಅವಳು. ಮಾತು ಸರಿಯೇ ಇತ್ತು. ವರ್ಷ ಪೂರ್ತಿ ಎಣಿಸೋಣ, ಯಾವುದು ಎಲ್ಲಕ್ಕಿಂತ ಕಡಿಮೆ ಕೈಗೆ ಬರುತ್ತೋ ಅದನ್ನು ಮಾರೋಣ ಅಂತ ಇಬ್ಬರೂ ಒಪ್ಪಿಕೊಂಡೆವು.

ನಾನು ಹದಿನೆಂಟು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತಿದ್ದೇನೆ. ಲಗ್ನ, ಗಣೇಶೋತ್ಸವ, ರಾಜ್ಯೋತ್ಸವ, ಖಾನಾಪುರ, ಬೈಲಹೊಂಗಲ, ಗೋಕಾಕ ಕಡೆಯ ಜಾತ್ರೆಗಳು. ಈಗ ಎಷ್ಟೋ ತಂಡಗಳಲ್ಲಿ ಕೀಬೋರ್ಡ್‌ನವನೇ ಎಡಗೈಯಲ್ಲಿ ಬೇಸ್ ಮುಗಿಸಿಬಿಡುತ್ತಾನೆ. ನಮ್ಮ ತಂಡದಲ್ಲಿ ಇನ್ನೂ ತಂತಿಯ ಬೇಸ್ ಇದೆ. ಡೋಲಕ್ ಜೊತೆಗೆ ಬೆರಳಿನಿಂದ ಮೀಟಿದ ಬೇಸ್ ಕೂಡಿದಾಗ ಎದುರಿಗೆ ಕೂತವರ ಕಾಲು ತಾನಾಗಿ ತಾಳ ಹಾಕುತ್ತೆ. ಅದಕ್ಕೆ ಬದಲಿ ಇಲ್ಲ ಅಂತ ನಾನು ನಂಬಿದ್ದೇನೆ.

ವರ್ಷದ ಕೊನೆಗೆ ಸಿಕ್ಕ ಲೆಕ್ಕ ಹೀಗಿತ್ತು: ಗಿಡ್ಡ 164 ದಿನ, ಪ್ರಿಸಿಷನ್ 131 ದಿನ, ಐದು ತಂತಿ 41 ದಿನ, ಬೋಳು 23 ದಿನ.

ಈ ಅಂಕಿ ನೋಡಿ ನಾನೇ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮಗಳಿಗೆ ಅಂತ ತಂದದ್ದು ಗಿಡ್ಡ. ಅದು ಮೊದಲನೇ ಸ್ಥಾನದಲ್ಲಿತ್ತು! ಆದರೆ ದಿನ ಎಣಿಸೋದು ಬೇರೆ, ಗಂಟೆ ಎಣಿಸೋದು ಬೇರೆ. ಗಿಡ್ಡವನ್ನು ಒಂದು ಸಲಕ್ಕೆ ಹದಿನೈದು, ಇಪ್ಪತ್ತು ನಿಮಿಷ ನುಡಿಸಿರಬಹುದು. ಐದು ತಂತಿಯದನ್ನು ಹೊರಗೆ ತೆಗೆದರೆ ನಾಲ್ಕು ತಾಸಿನ ಕಾರ್ಯಕ್ರಮ ಅಂತಲೇ ಅರ್ಥ. ಗಂಟೆಗಳಲ್ಲಿ ಅಂದಾಜು ಹಾಕಿದರೆ ಪ್ರಿಸಿಷನ್ ಮೊದಲು, ಅದರ ಬೆನ್ನಿಗೇ ಐದು ತಂತಿ. ಗಿಡ್ಡ ಎಷ್ಟೋ ಹಿಂದೆ. ಬೋಳು ಮಾತ್ರ ಎರಡೂ ಲೆಕ್ಕದಲ್ಲಿ ಕೊನೆ.

ಮೊದಲು ಪ್ರಿಸಿಷನ್ ಬಗ್ಗೆ. ಮಡಗಾಂವ್‌ನಲ್ಲಿ ನುಡಿಸೋದನ್ನು ಬಿಟ್ಟಿದ್ದ ಹಿರಿಯರೊಬ್ಬರಿಂದ ಕೊಂಡದ್ದು ಇದು. ಚೋರ್ಲಾ ಘಾಟಿನ ದಾರಿಯಲ್ಲಿ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದೆ. ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಹೊರತಂದ ಮಾದರಿಯದು. ಅದಕ್ಕೂ ಮುಂಚೆ ಆಳೆತ್ತರದ ಡಬಲ್ ಬೇಸ್ ನಿಲ್ಲಿಸಿಕೊಂಡು ನುಡಿಸುತ್ತಿದ್ದರು. ಅದರಲ್ಲಿ ಫ್ರೆಟ್ ಇಲ್ಲ, ಸ್ವರದ ಜಾಗವನ್ನು ಕಿವಿಯಿಂದಲೇ ಹುಡುಕಬೇಕು. ಹೊಸ ವಾದ್ಯಕ್ಕೆ ಫ್ರೆಟ್ ಬಂತು, ಸ್ವರ ನಿಖರವಾಗಿ ಬೀಳತೊಡಗಿತು. ಹಾಗಾಗಿಯೇ ಪ್ರಿಸಿಷನ್ ಅನ್ನೋ ಹೆಸರು.

ನನ್ನದರಲ್ಲಿ ಒಂದು ವಾಲ್ಯೂಮ್, ಒಂದು ಟೋನ್. ಅಷ್ಟೇ. ಫ್ಲಾಟ್‌ವೌಂಡ್ ತಂತಿ ಹಾಕಿ ಆರು ವರ್ಷ ಆಯಿತು, ಇನ್ನೂ ಬದಲಿಸಿಲ್ಲ. ಸಾಮಾನ್ಯ ರೌಂಡ್‌ವೌಂಡ್ ತಂತಿ ಮುಟ್ಟಿದರೆ ಸಣ್ಣ ಅರದ ಹಾಗೆ ಬೆರಳಿಗೆ ತರಿತರಿ ಅನಿಸುತ್ತೆ. ಫ್ಲಾಟ್‌ವೌಂಡ್ ಹೊರಗಿನ ಸುತ್ತು ಚಪ್ಪಟೆ ಪಟ್ಟಿಯದು, ಸವರಿದರೆ ಗಾಜಿನಷ್ಟು ನುಣುಪು. ಬೆರಳು ಸರಿಸಿದಾಗ ‘ಕೀಂಯ್’ ಅನ್ನೋ ಸದ್ದು ಇಲ್ಲ. ಎಂಬತ್ತರ ದಶಕದ ಸಿನಿಮಾ ಹಾಡು ಕೇಳಿದಾಗ ಕಿವಿಗೆ ಬೀಳುತ್ತಲ್ಲ ಆ ದುಂಡನೆಯ, ಮೆತ್ತನೆಯ ಬೇಸ್, ಅದು ಇದರಲ್ಲಿ ಏನೂ ಮಾಡದೆ ಬರುತ್ತೆ. ಅಮೆರಿಕದ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತನ್ನ 1962ರ ಪ್ರಿಸಿಷನ್‌ನಲ್ಲಿ ಫ್ಲಾಟ್‌ವೌಂಡ್ ತಂತಿಯನ್ನೇ ನುಡಿಸುತ್ತಿದ್ದ. ಹರಿದರೆ ಮಾತ್ರ ಬದಲಿಸುತ್ತಿದ್ದ ಅಂತ ಹೆಸರುವಾಸಿ. ನನಗೂ ಆ ಪದ್ಧತಿಯೇ ಸರಿಹೋಗಿದೆ. ತಂತಿಗೆ ಒಮ್ಮೆ ಖರ್ಚು ಜಾಸ್ತಿ ಅನಿಸಿದರೂ ವರ್ಷಗಟ್ಟಲೆ ಚಿಂತೆ ಇರಲ್ಲ.

ಇದು ಸದಾ ಸ್ಟ್ಯಾಂಡಿನ ಮೇಲೆ, ಬಾಗಿಲ ಪಕ್ಕದಲ್ಲೇ ಇರುತ್ತೆ. 131 ದಿನ ಬರೋದಕ್ಕೆ ಅದೂ ಒಂದು ಕಾರಣ. ಬ್ಯಾಗಿನ ಜಿಪ್ ಎಳೆಯೋ ಕೆಲಸ ಒಂದು ಇದ್ದರೆ ಸಾಕು, ದಣಿದು ಬಂದ ರಾತ್ರಿ ನಾಳೆ ನೋಡೋಣ ಅನಿಸಿಬಿಡುತ್ತೆ, ಅಲ್ವಾ?

ಗಿಡ್ಡದ್ದಕ್ಕೆ ಬರೋಣ. ಮಾಮೂಲಿ ಬೇಸ್‌ನಲ್ಲಿ ತಂತಿಯ ನುಡಿಯುವ ಉದ್ದ 34 ಇಂಚು, ಇದರಲ್ಲಿ 30. ನಾಲ್ಕು ಇಂಚು ಅಂದರೆ ಏನು ಮಹಾ ಅನಿಸಬಹುದು. ಮಗಳ ಕೈ ಇಟ್ಟು ಟೇಪ್ ಹಿಡಿದು ಅಳೆದೆವು. ಮೊದಲನೇ ಫ್ರೆಟ್‌ನಿಂದ ನಾಲ್ಕನೆಯದಕ್ಕೆ ಪ್ರಿಸಿಷನ್‌ನಲ್ಲಿ ಸುಮಾರು 13 ಸೆಂಟಿಮೀಟರ್, ಗಿಡ್ಡದ್ದರಲ್ಲಿ ಹನ್ನೊಂದೂವರೆಗೆ ಸ್ವಲ್ಪ ಕಡಿಮೆ. ಹನ್ನೆರಡು ವರ್ಷದ ಹುಡುಗಿಯ ಕಿರುಬೆರಳಿಗೆ ಆ ಒಂದೂವರೆ ಸೆಂಟಿಮೀಟರೇ ಎಲ್ಲ. ದೊಡ್ಡದರಲ್ಲಿ ಹತ್ತು ನಿಮಿಷಕ್ಕೆ "ಪಪ್ಪಾ, ಮಣಿಕಟ್ಟ ನೋವ" ಅಂತಿದ್ದವಳು ಇದರಲ್ಲಿ ಮುಕ್ಕಾಲು ತಾಸು ಕೂರುತ್ತಾಳೆ.

ಓಣಿಯ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ನಾಲ್ಕನ್ನೂ ಇಟ್ಟು ತೂಗಿದ್ದೆವು. ಗಿಡ್ಡ 3 ಕಿಲೋ 100 ಗ್ರಾಂ, ಐದು ತಂತಿ 4 ಕಿಲೋ 600, ಉಳಿದವೆರಡೂ ನಾಲ್ಕು ಕಿಲೋ ಆಸುಪಾಸು. ಊಟ ಆದಮೇಲೆ ನೆಲಕ್ಕೆ ಕೂತು, ಆಂಪ್ ಇಲ್ಲದೆ, ಯಾರ ನಿದ್ದೆಗೂ ತೊಂದರೆ ಕೊಡದೆ ಒಂದು ಹೊಸ ಹಾಡಿನ ಸ್ವರ ಹುಡುಕಲು ನಾನು ಎತ್ತಿಕೊಳ್ಳೋದು ಇದನ್ನೇ. ಆದರೆ ಸ್ಟೇಜಿಗೆ ಒಯ್ಯಲ್ಲ. ಅದೇ ಸ್ವರಕ್ಕೆ ತಂತಿ ಗಿಡ್ಡ ಆದಾಗ ಬಿಗಿ ಕಡಿಮೆ ಆಗುತ್ತೆ. ದಪ್ಪ ತಂತಿಯನ್ನು ಜೋರಾಗಿ ಮೀಟಿದರೆ ಸ್ವರ ಸ್ವಲ್ಪ ಅಲ್ಲಾಡಿ ಆಮೇಲೆ ನಿಲ್ಲುತ್ತೆ. ಜೋರಿನ ಜಾನಪದ ಹಾಡಿಗೆ ಅದು ಒಗ್ಗಲ್ಲ.

ಐದು ತಂತಿಯದು ದುಡಿಯುವ ವಾದ್ಯ. ನನಗೆ ಇದು ಬೇಕಾದದ್ದು ಗಾಯಕರ ಗಂಟಲಿನ ಕಾರಣಕ್ಕೆ. ಜಾತ್ರೆ ಸ್ಟೇಜಿನಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ಹಾಡುವವನು ಹತ್ತಿರ ಬಂದು ಕಿವಿಯಲ್ಲಿ ಹೇಳುತ್ತಾನೆ: "ಅಣ್ಣಾ, ಬಿಳಿ ಎರಡಕ್ಕ ಇಳಸೂಣು, ಮ್ಯಾಲ ಹೋಗವಲ್ದು." ಬಿಳಿ ಎರಡು, ಕರಿ ನಾಲ್ಕು ಅನ್ನೋದು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಶ್ರುತಿಯ ಹೆಸರು. ಕೀಬೋರ್ಡ್‌ನವನಿಗೆ ಟ್ರಾನ್ಸ್‌ಪೋಸ್ ಗುಂಡಿ ಇದೆ, ಎರಡು ಸಲ ಒತ್ತಿದರೆ ಮುಗಿಯಿತು. ನನಗೆ ಯಾವ ಗುಂಡಿಯೂ ಇಲ್ಲ. ನಾಲ್ಕು ತಂತಿಯ ಬೇಸ್ ಕೆಳಗೆ ನಿಲ್ಲೋದು ಬಿಳಿ ಮೂರಕ್ಕೆ, ಅಂದರೆ ಇ ಸ್ವರಕ್ಕೆ. ಬಿಳಿ ಎರಡರ ಷಡ್ಜ ಬೇಕು ಅಂದರೆ ಮೇಲಿನ ಸಪ್ತಕಕ್ಕೆ ಹೋಗಬೇಕು. ಹಾಡಿನ ಬುಡ ಅಲ್ಲೇ ತೆಳುವಾಗಿಬಿಡುತ್ತೆ. ಐದನೇ ತಂತಿ ಇದ್ದರೆ ಅದರ ಮೂರನೇ ಫ್ರೆಟ್‌ನಲ್ಲಿ ಆ ಷಡ್ಜ ಕಾದು ಕೂತಿರುತ್ತೆ. ಕರಿ ಎರಡು ಅಂದರೆ ನಾಲ್ಕನೇ ಫ್ರೆಟ್. ಬೆರಳಿನ ನಡೆ ಅದೇ, ಕೈ ಮಾತ್ರ ಜಾಗ ಬದಲಿಸುತ್ತೆ.

ಅದರ ಖಾಲಿ ತಂತಿಯ ಸ್ವರ ಸೆಕೆಂಡಿಗೆ ಸುಮಾರು 31 ಕಂಪನ. ಸಣ್ಣ ಮದುವೆ ಹಾಲಿನ ಸ್ಪೀಕರ್‌ಗಳಲ್ಲಿ ಅದು ಸರಿಯಾಗಿ ಹೊರಡೋದೇ ಇಲ್ಲ, ಸುಮ್ನೆ ಗುರುಗುರು ಅನ್ನುತ್ತೆ. ಗಣಪತಿ ಪೆಂಡಾಲ್ ಮುಂದೆ ದೊಡ್ಡ 18 ಇಂಚಿನ ಬಾಕ್ಸ್ ಜೋಡಿಸಿದಾಗ ಮಾತ್ರ ಎದೆಗೆ ತಾಗುತ್ತೆ. ಹಾಗಾಗಿ ಹಾಲ್ ಸಣ್ಣದು, ಗಾಯಕರು ಸ್ಕೇಲ್ ಬದಲಿಸಲ್ಲ ಅಂತ ಗೊತ್ತಿದ್ದರೆ ಪ್ರಿಸಿಷನ್ನೇ ಒಯ್ಯುತ್ತೇನೆ.

ಇದರೊಳಗೆ ಒಂಬತ್ತು ವೋಲ್ಟಿನ ಬ್ಯಾಟರಿ ಇದೆ. ಒಂದು ನವೆಂಬರ್ 1ರ ರಾತ್ರಿ, ಮೂರನೇ ಹಾಡಿನ ಮಧ್ಯೆ, ಸ್ವರ ಹರಿದ ಕಾಗದದ ಹಾಗೆ ಬರತೊಡಗಿತು. ಎರಡು ನಿಮಿಷದಲ್ಲಿ ಪೂರ್ತಿ ನಿಂತಿತು. ಬ್ಯಾಟರಿ ಸತ್ತಿತ್ತು. ಹಿಂದಿನ ಮುಚ್ಚಳಕ್ಕೆ ನಾಲ್ಕು ಸಣ್ಣ ಸ್ಕ್ರೂ, ಆ ಕತ್ತಲಲ್ಲಿ ಬಿಚ್ಚಲು ಆಗಲಿಲ್ಲ. ಆ ಹಾಡನ್ನು ಕೀಬೋರ್ಡ್ ಗೆಳೆಯ ಎಡಗೈಯಲ್ಲಿ ದಡ ಸೇರಿಸಿದ. ನೆನಪಿಡಬೇಕಾದ ವಿಷಯ ಏನೆಂದರೆ, ಇಂಥ ಬೇಸ್‌ಗಳಲ್ಲಿ ಕೇಬಲ್ ಚುಚ್ಚಿದರೇ ಸ್ವಿಚ್ ಆನ್ ಆದ ಹಾಗೆ. ನುಡಿಸದೇ ಇದ್ದರೂ ಬ್ಯಾಟರಿ ಖರ್ಚಾಗುತ್ತಿರುತ್ತೆ. ಈಗ ನುಡಿಸಿದ ತಕ್ಷಣ ಕೇಬಲ್ ಕೀಳುತ್ತೇನೆ. ಯುಗಾದಿಗೊಮ್ಮೆ, ಗಣೇಶ ಚೌತಿಗೊಮ್ಮೆ ಹೊಸ ಬ್ಯಾಟರಿ ಹಾಕುತ್ತೇನೆ.

ಇನ್ನು ಬೋಳು. ಒಪ್ಪಂದದ ಪ್ರಕಾರ ಮಾರಬೇಕಾದದ್ದು ಇದು.

ಇದು ಮೊದಲು ಫೆಂಡರ್‌ನ ಇನ್ನೊಂದು ಮಾದರಿ, ಜಾಝ್ ಬೇಸ್ ಮಾದರಿಯ ಹಳೇ ವಾದ್ಯ. ಫ್ರೆಟ್‌ಗಳು ಸವೆದು ಹೋಗಿದ್ದವು. ಅಮೆರಿಕದ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಫ್ರೆಟ್ ಇಲ್ಲದ ಜಾಝ್ ಬೇಸ್ ನುಡಿಸಿದ್ದನ್ನು ಕೇಳಿ ಹುಚ್ಚು ಹಿಡಿದಿತ್ತು. ಫ್ರೆಟ್‌ಗಳನ್ನು ನಾನೇ ಕಾಯಿಸಿ ಒಂದೊಂದಾಗಿ ಎತ್ತಿದೆ. ಆ ಸೀಳುಗಳಿಗೆ ಶಹಾಪುರದ ಬಡಿಗೇರ ಕಾಕಾ ತಿಳಿ ಬಣ್ಣದ ಮರದ ತೆಳು ಪಟ್ಟಿ ಅಂಟಿಸಿ, ಉಜ್ಜಿ, ನುಣ್ಣಗೆ ಮಾಡಿಕೊಟ್ಟರು. ಈಗ ಕಪ್ಪು ಮರದ ಮೇಲೆ ಬಿಳಿ ಗೆರೆ ಎಳೆದ ಹಾಗೆ ಕಾಣುತ್ತೆ.

ಫ್ರೆಟ್ ಇದ್ದರೆ ಬೆರಳನ್ನು ಅದರ ಹಿಂದೆ ಎಲ್ಲಿ ಒತ್ತಿದರೂ ಸ್ವರ ಒಂದೇ. ಇಲ್ಲಿ ಬೆರಳು ಗೆರೆಯ ಮೇಲೇ ಬೀಳಬೇಕು, ಕೂದಲೆಳೆ ಸರಿದರೂ ಗೊತ್ತಾಗುತ್ತೆ. ಸ್ಟೇಜಿನ ಗದ್ದಲದಲ್ಲಿ ಅಷ್ಟು ಸೂಕ್ಷ್ಮ ಕೇಳಿಸಲ್ಲ. ಹಾಗಾಗಿ ಕಾರ್ಯಕ್ರಮಕ್ಕೆ ಒಮ್ಮೆಯೂ ಒಯ್ದಿಲ್ಲ. 23 ದಿನಗಳಲ್ಲಿ ಹದಿನೆಂಟು ಬಿದ್ದದ್ದು ಆಷಾಢ, ಶ್ರಾವಣದಲ್ಲಿ. ಆಷಾಢದಲ್ಲಿ ಲಗ್ನ ಇಲ್ಲ, ಹೊರಗೆ ಬೆಳಗಾವಿ ಮಳೆ ಹಿಡಿದರೆ ಬಿಡಲ್ಲ, ನಾನು ಮನೆಯಲ್ಲೇ. ತೊಂದರೆ ಏನೆಂದರೆ, ವಾದ್ಯಕ್ಕೆ ಕೆಟ್ಟ ಕಾಲವೂ ಅದೇ. ಮರ ತೇವ ಹೀರಿ ನೆಕ್ (ತಂತಿ ಒತ್ತುವ ಉದ್ದ ಕತ್ತು) ಬಾಗುತ್ತೆ, ತಂತಿ ಮೇಲೇಳುತ್ತೆ. ಒಳಗಿನ ಕಬ್ಬಿಣದ ಸರಳನ್ನು ಅಲೆನ್ ಕೀಯಿಂದ ಕಾಲು ಸುತ್ತು ತಿರುಗಿಸಿ, ಒಂದು ದಿನ ಬಿಟ್ಟು ನೋಡಬೇಕು. ಮಾರ್ಚ್, ಏಪ್ರಿಲ್ ಒಣ ಹವೆಯಲ್ಲಿ ಮತ್ತೆ ಹಿಂದಕ್ಕೆ.

ನಮ್ಮ ಅವ್ವ ಬೆಳಿಗ್ಗೆ ತತ್ವಪದ ಹಾಡುತ್ತಾಳೆ. ಅವಳ ತಂಬೂರಿ ಮಿರಜ್‌ನದು, ಅಜ್ಜ ರೈಲಿನಲ್ಲಿ ಹೋಗಿ ತಂದದ್ದು. ಶ್ರುತಿ ಕರಿ ನಾಲ್ಕು. ಶ್ರಾವಣದ ಒಂದು ಸೋಮವಾರ ಪ್ರಿಸಿಷನ್ ಹಿಡಿದು ಅವಳ ಜೊತೆ ಕೂತೆ. ಷಡ್ಜ ಸರಿಹೋಯಿತು, ಪಂಚಮವೂ ಸರಿ. ಗಂಧಾರಕ್ಕೆ ಬಂದಾಗ ಅವ್ವ ಕಣ್ಣು ತೆರೆದಳು. "ತಮ್ಮಾ, ಅದ್ಯಾಕೋ ಚುಚ್ಚತೈತಿ" ಅಂದಳು. ಟ್ಯೂನರ್ ಹಚ್ಚಿ ನೋಡಿದೆ, ಮುಳ್ಳು ನಡುವೆಯೇ ಇತ್ತು. ತಪ್ಪು ನನ್ನ ಬೇಸ್‌ನದೂ ಅಲ್ಲ, ಅವ್ವನ ಕಿವಿಯದೂ ಅಲ್ಲ. ಫ್ರೆಟ್‌ಗಳನ್ನು ಕೂರಿಸೋದು ಸಪ್ತಕವನ್ನು ಹನ್ನೆರಡು ಸಮ ಭಾಗ ಮಾಡಿ. ತಂಬೂರಿಯ ಷಡ್ಜದೊಳಗಿಂದ ತಾನಾಗಿ ಏಳುವ ಗಂಧಾರ ಅದಕ್ಕಿಂತ ಸ್ವಲ್ಪ ಕೆಳಗಿದೆ, ಒಂದು ಅರ್ಧಸ್ವರವನ್ನು ನೂರು ಪಾಲು ಮಾಡಿದರೆ ಅದರಲ್ಲಿ ಹದಿನಾಲ್ಕು ಪಾಲು.

ಮಂಚದ ಕೆಳಗಿಂದ ಬೋಳನ್ನು ತೆಗೆದೆ. ದಪ್ಪ ತಂತಿಯ ನಾಲ್ಕನೇ ಗೆರೆಯಲ್ಲಿ ಷಡ್ಜ. ಪಕ್ಕದ ತಂತಿಯ ಮೂರನೇ ಗೆರೆಯಲ್ಲಿ ಗಂಧಾರ. ಆ ಗೆರೆಯಿಂದ ಬೆರಳನ್ನು ಮೆಲ್ಲಗೆ ನೆಕ್‌ನ ತುದಿಯ ಕಡೆ ಜರುಗಿಸುತ್ತಾ ಹೋದೆ. ಅರ್ಧ ಸೆಂಟಿಮೀಟರ್ ದಾಟಿದ ಮೇಲೆ, ಎರಡು ಸ್ವರಗಳ ನಡುವೆ ಅಲ್ಲಾಡುತ್ತಿದ್ದ ಅಲೆ ನಿಧಾನ ಆಯಿತು, ನಿಂತೇ ಹೋಯಿತು. ತಂಬೂರಿ ಬುರುಡೆಯೂ ನನ್ನ ತೊಡೆ ಮೇಲಿನ ಮರವೂ ಒಟ್ಟಿಗೆ ನಡುಗಿದ ಹಾಗಿತ್ತು. "ಈಗ ಕೂಡ್ತು ನೋಡ" ಅಂದಳು ಅವ್ವ, ಹಾಡು ನಿಲ್ಲಿಸದೇ ತಲೆಯಾಡಿಸಿ.

ಇಷ್ಟೆಲ್ಲ ನುಡಿಸಿದ ಮೇಲೆ, ಯಾರಾದರೂ ಹೊಸದಾಗಿ ಒಂದೇ ಒಂದು ಬೇಸ್ ಕೊಳ್ಳುತ್ತೇನೆ ಅಂದರೆ ನಾನು ಹೇಳೋದು ಪ್ರಿಸಿಷನ್ ಮಾದರಿ. ಕೈ ಸಣ್ಣದಿದ್ದರೆ, ಮಕ್ಕಳಿಗಾದರೆ, ಹಿಂದೆಮುಂದೆ ನೋಡದೆ ಗಿಡ್ಡ. ಐದು ತಂತಿ ಬೇಕಾಗೋದು ಹಾಡುವವರ ಜೊತೆ ದುಡಿಯುವವರಿಗೆ ಮಾತ್ರ. ಮನೆಯಲ್ಲಿ ನುಡಿಸುವವರು ಅದರ ತೂಕ, ಬ್ಯಾಟರಿ ಯಾಕೆ ಹೊರಬೇಕು?

ಬೋಳನ್ನು ಮಾರಲಿಲ್ಲ. ಹೆಂಡತಿಗೆ ಕ್ಯಾಲೆಂಡರ್ ತೋರಿಸಿ, ಅದರಲ್ಲಿ ಕಾಣದಿದ್ದ ವಿಷಯವನ್ನೂ ಹೇಳಿದೆ. ಅವಳು ಆ ಸೋಮವಾರ ಅಡುಗೆಮನೆಯಿಂದಲೇ ಕೇಳಿಸಿಕೊಂಡಿದ್ದಳು. ಮಂಚದ ಕೆಳಗಿನ ಜಾಗ ಹೇಗೂ ತೆರವಾಗಿದೆ. ಎರಡನೇ ಸ್ಟ್ಯಾಂಡ್ ತಂದು ಬೋಳನ್ನು ಅವ್ವನ ತಂಬೂರಿ ಪಕ್ಕ ನಿಲ್ಲಿಸಿದ್ದೇವೆ. ಈ ತಿಂಗಳು ಇವತ್ತಿಗೆ ಹತ್ತೊಂಬತ್ತು ದಿನ. ಹಾಲಿನ ಲೆಕ್ಕದ ಪಕ್ಕ ‘ಬೋ’ ಹನ್ನೊಂದು ಸಲ ಬಿದ್ದಿದೆ.